ಹಬೆಯಂತ್ರದ ಭೇಟಿಗೆ ಬಂದವಳ ಅಹವಾಲು

ಗೆ,
ಸಮಗ್ರ ಸಿಬ್ಬಂದಿ ನಿರ್ವಹಣಾ ವ್ಯವಸ್ಥೆಯವರು,
ವಿಳಾಸ: ಎಲ್ಲೆಡೆ.

ವಿಷಯ: ನಾನು ಇದ್ದೇನೆ ಎಂಬುದರ ಬಗ್ಗೆ.

ಮಾನ್ಯರೇ,

ತಮಗೆ ನೆಗಡಿಯಿಲ್ಲ, ಬೆನ್ನುನೋವಿಲ್ಲ, ಊಟ ತಡವಾಯಿತೆಂಬ ಚಿಂತೆಯಿಲ್ಲ ಎಂಬುದನ್ನು ಬಲ್ಲೆನಾದ್ದರಿಂದ, ಕ್ಷೇಮ ವಿಚಾರಿಸುವ ವಾಡಿಕೆಯನ್ನು ಪಕ್ಕಕ್ಕಿಟ್ಟು, ನೇರವಾಗಿ ತಮ್ಮ ಪರದೆಗೆ ಕೈಮುಗಿದು ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಆಪರೇಷನ್ನಿನ ಕತ್ತರಿ, ಚಿಮಟ, ಸೂಜಿಗಳನ್ನು ತೊಳೆದು, ಎಣಿಸಿ, ಎರಡು ಪದರ ಬಟ್ಟೆಯಲ್ಲಿ ಗಂಟು ಕಟ್ಟಿ, ಆಳೆತ್ತರದ ಹಬೆಯಂತ್ರದೊಳಗಿಟ್ಟು ಶುದ್ಧ ಮಾಡಿ ಮೇಲಿನ ಮಹಡಿಗೆ ಕಳಿಸುವ ಕೆಲಸವನ್ನು ಈ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಮಾಡುತ್ತಿದ್ದ ಹೆಂಗಸು ನಾನು. ನನ್ನನ್ನು ಇಲ್ಲಿ ಎಲ್ಲರೂ ಹಬೆ ಅಕ್ಕ ಎನ್ನುತ್ತಾರೆ. ತಮ್ಮನ್ನು, ಮುನಿಸಿಕೊಳ್ಳಬಾರದು, ದೊಡ್ಡ ಭಾವ ಎನ್ನುತ್ತಾರೆ. ಮನೆಗೆ ಕಾಲಿಟ್ಟ ದಿನವೇ ಎಲ್ಲ ಕೋಣೆಗಳ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಾವಾಗಿ ಒಂದು ಲೋಟವನ್ನೂ ಎತ್ತಿಡದೆ, ಯಾರು ಎಲ್ಲಿ ಕೂರಬೇಕು, ಯಾರು ಎದ್ದು ಹೋಗಬೇಕು ಎಂದು ಅಪ್ಪಣೆ ಕೊಡುವ ಬಂಧುಗಳ ನೆನಪು ಬರುತ್ತದೆ ಎಂಬ ಪ್ರೀತಿಯಿಂದ ಇಟ್ಟ ಹೆಸರದು.

ತಾವು ಬರುವ ಮೊದಲು ನಮಗೆ ರಜೆ ಬೇಕಾದರೆ ಸಿಬ್ಬಂದಿ ವಿಭಾಗದ ಅಧಿಕಾರಿಗಳ ಮೇಜಿನ ಮುಂದೆ ನಿಂತು, ಅವರು ಫೋನಿನಲ್ಲಿ ಮಾತು ಮುಗಿಸುವ ತನಕ ಗೋಡೆಯ ಗಡಿಯಾರ ನೋಡಿ, ಕೊನೆಗೆ ಒಂದು ಹಾಳೆಗೆ ಸಹಿ ಹಾಕಿಸಿಕೊಳ್ಳಬೇಕಿತ್ತು. ತಾವು ಆ ಕಷ್ಟವನ್ನು ತಪ್ಪಿಸಿದಿರಿ. ನನ್ನ ಒಡಹುಟ್ಟಿದ ತಂಗಿಗೆ ಗರ್ಭಕೋಶದ ಆಪರೇಷನ್ ಎಂದು ಗೊತ್ತಾದಾಗ ನಾನು ಮೊಬೈಲಿನಲ್ಲೇ ತಮಗೆ ಒಂದು ಸಾಲು ಬರೆದೆ: ತಂಗಿಯ ಆಪರೇಷನ್ ಇರುವುದರಿಂದ ನನಗೆ ಕೆಲಸದಿಂದ ಹತ್ತು ದಿನ ಬಿಡುವು ಬೇಕು. ಭಾಷಾಪಂಡಿತರಾದ ತಾವು ‘ಬಿಡುವು’ ಎಂಬುದರೊಳಗೆ ಅಡಗಿದ್ದ ‘ಬಿಡು’ವನ್ನು ಹೆಕ್ಕಿ ತೆಗೆದು, ಅದರ ಪಕ್ಕದಲ್ಲಿ ‘ಕೆಲಸ’ವನ್ನು ಕೂರಿಸಿ, ಈಕೆ ಕೆಲಸ ಬಿಡುತ್ತಿದ್ದಾಳೆ ಎಂದು ತೀರ್ಮಾನಿಸಿ, ಹತ್ತು ದಿನವನ್ನು ರಾಜೀನಾಮೆಯ ನೋಟಿಸ್ ಅವಧಿ ಎಂದು ಅರ್ಥೈಸಿದಿರಿ. ಹನ್ನೊಂದು ಸೆಕೆಂಡಿನಲ್ಲಿ ಉತ್ತರವೂ ಬಂತು: ‘ತಮ್ಮ ನಿರ್ಧಾರವನ್ನು ಸಂಸ್ಥೆ ತುಂಬು ಹೃದಯದಿಂದ ಗೌರವಿಸುತ್ತದೆ.’ ಹತ್ತೊಂಬತ್ತು ವರ್ಷಗಳಲ್ಲಿ ನನ್ನ ರಜೆಯನ್ನು ಯಾರೂ ಹೃದಯದಿಂದ ಗೌರವಿಸಿರಲಿಲ್ಲವಾದ್ದರಿಂದ ನನ್ನ ಕಣ್ಣು ತುಂಬಿ ಬಂತು. ಬಸ್ಸಿನಲ್ಲಿ ಕೂತಲ್ಲೇ ‘ತುಂಬಾ ಸಂತೋಷವಾಯಿತು, ಉಪಕಾರ ಮರೆಯಲಾರೆ’ ಎಂದು ಬರೆದು ಕಳಿಸಿದೆ. ಅದನ್ನು ತಾವು ರಾಜೀನಾಮೆಯ ದೃಢೀಕರಣವೆಂದು ಕಡತಕ್ಕೆ ಸೇರಿಸಿಕೊಂಡಿರೆಂದು ಆಮೇಲೆ ತಿಳಿಯಿತು.

ನಾನು ತಂಗಿಯ ಹಾಸಿಗೆಯ ಪಕ್ಕ ಕುಳಿತು ಅವಳಿಗೆ ಗಂಜಿ ಕುಡಿಸುತ್ತಿದ್ದ ಆ ಹತ್ತು ದಿನಗಳಲ್ಲಿ ತಾವು ತೋರಿದ ಚುರುಕುತನವನ್ನು ಎಷ್ಟು ಹೊಗಳಿದರೂ ಸಾಲದು. ಗೇಟು, ಹಾಜರಿ, ಕ್ಯಾಂಟೀನು, ಲಾಕರು, ಸಮವಸ್ತ್ರ, ಕಂಪ್ಯೂಟರು ಈ ಆರನ್ನೂ ತಮ್ಮೊಂದಿಗೆ ಒಂದೇ ದಾರದಲ್ಲಿ ಪೋಣಿಸಿಕೊಂಡಿರುವ ತಾವು ಒಂದೇ ಜಗ್ಗಿಗೆ ನನ್ನನ್ನು ಆರು ಕಡೆಯಿಂದಲೂ ಕಿತ್ತು ತೆಗೆದಿರಿ. ಲಾಕರಿನಲ್ಲಿದ್ದ ಬಾಚಣಿಗೆ, ಓದುವ ಕನ್ನಡಕ, ಅರ್ಧ ಹೆಣೆದ ಸ್ವೆಟರನ್ನು ರಟ್ಟಿನ ಪೆಟ್ಟಿಗೆಗೆ ತುಂಬಿಸಿದಿರಿ. ಗುರುತಿನ ಚೀಟಿಯ ನನ್ನ ಬೆಪ್ಪು ಫೋಟೋದ ಸುತ್ತ ಬಲೂನು ಹಾರಿಸಿ, ‘ಮುಂದಿನ ಪಯಣಕ್ಕೆ ಶುಭವಾಗಲಿ’ ಎಂಬ ಹಾಡು ಕೂಡಿಸಿ ಎಲ್ಲರ ಮೊಬೈಲಿಗೂ ಕಳಿಸಿದಿರಿ. ಕ್ಯಾಂಟೀನಿನ ಅಡುಗೆಯಾಕೆ ಅದನ್ನು ನೋಡಿ, ಒಂದು ಮಾತೂ ಹೇಳದೆ ಹೊರಟುಹೋದಳಲ್ಲ ಎಂದು ನನ್ನ ಮೇಲೆ ಈಗಲೂ ಮುಖ ಊದಿಸಿಕೊಂಡಿದ್ದಾಳೆ.

ಹನ್ನೊಂದನೆಯ ದಿನ ಬೆಳಿಗ್ಗೆ ಏಳಕ್ಕೆ ನಾನು ಗೇಟಿನಲ್ಲಿ ಕಾರ್ಡು ಹಿಡಿದಾಗ ಕೆಂಪು ದೀಪ ಉರಿಯಿತು. ನನ್ನ ಮಗಳ ಮದುವೆಯಲ್ಲಿ ಪಂಕ್ತಿ ಪಂಕ್ತಿಗೂ ನೀರು ಬಡಿಸಿದ್ದ ಕಾವಲುಗಾರ ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, “ಅಕ್ಕಾ, ಬಿಡೋಕಾಗಲ್ಲ. ಇದು ನೀವು ಇಲ್ಲ ಅಂತಿದೆ” ಎಂದ.

“ನಿನ್ನ ಎದುರಿಗೇ ನಿಂತಿದೀನಲ್ಲೋ ಮಾರಾಯ!”

“ನಿಂತಿದೀರ, ಅದು ನಂಗೆ ಗೊತ್ತು. ಇದಕ್ಕೆ ಗೊತ್ತಿಲ್ಲ” ಎಂದು ಪರದೆಯ ತಲೆಗೆ ಮೊಟಕಿದ. ತಮಗೆ ನೋವಾಗಿದ್ದರೆ ಅವನ ಪರವಾಗಿ ನಾನು ಕ್ಷಮೆ ಕೋರುತ್ತೇನೆ.

ಸಿಬ್ಬಂದಿ ಅಧಿಕಾರಿಗಳು ಗೇಟಿನ ತನಕ ನಡೆದು ಬಂದರು. ಒಳ್ಳೆಯ ಮನುಷ್ಯ, ತಾವು ಬಂದ ಮೇಲೆ ಅವರ ಮೇಜಿನ ಮೇಲೆ ಒಂದು ಹೂಜಿ ಮತ್ತು ಅವರ ಕೈಗಳ ಹೊರತು ಬೇರೇನೂ ಉಳಿದಿಲ್ಲ. “ನಾನು ಸರಿಮಾಡಿದೆ ಅಕ್ಕಾ, ಎರಡು ಸಲ ಮಾಡಿದೆ. ಎಲ್ಲಾನೂ ಒಂದಕ್ಕೊಂದು ಜೋಡಿಸಿಬಿಟ್ಟಿದಾರೆ. ಒಂದನ್ನ ಸರಿಮಾಡಿದ್ರೆ ಉಳಿದವೆಲ್ಲಾ ಸೇರ್ಕೊಂಡು ಅದನ್ನ ಮತ್ತೆ ತಪ್ಪು ಮಾಡ್ತವೆ” ಎಂದರು. ನನ್ನ ಹುದ್ದೆ ಖಾಲಿಯಿದೆಯೆಂದು ತಾವು ಜಾಹೀರಾತು ಕೊಟ್ಟಿರುವುದರಿಂದ, ನಾನೇ ಅರ್ಜಿ ಹಾಕುವುದು ನೆಟ್ಟಗಿನ ದಾರಿ ಎಂಬುದು ಅವರ ಸಲಹೆ.

ಹಾಕಿದೆ. ಗೇಟಿನ ಪಕ್ಕದ ಸಂದರ್ಶಕರ ಬೆಂಚಿನ ಮೇಲೆ ಕೂತು ಮೊಬೈಲನ್ನು ಮುಖದೆದುರು ಹಿಡಿದುಕೊಂಡೆ. ತಾವು ನನ್ನ ಸಂದರ್ಶನ ಮಾಡಿದಿರಿ. ಐದು ವರ್ಷಗಳ ನಂತರ ನಿಮ್ಮನ್ನು ಎಲ್ಲಿ ಕಾಣಲು ಬಯಸುತ್ತೀರಿ ಎಂದು ಕೇಳಿದಿರಿ. ಗೇಟಿನ ಒಳಗೆ ಎಂದೆ. ನಗು ಸಾಲದೆಂದು ಎರಡು ಬಾರಿ ಎಚ್ಚರಿಸಿದಿರಿ. ನನ್ನ ನಡತೆಯ ಬಗ್ಗೆ ನನ್ನ ಹಿಂದಿನ ಕಚೇರಿಗೆ, ಅಂದರೆ ತಾವೇ ಮುಚ್ಚಿಹಾಕಿದ್ದ ನನ್ನ ಇಮೇಲಿಗೇ, ಬರೆದು ಕೇಳಿ, ಉತ್ತರ ಬಾರದ್ದನ್ನು ಅನುಮಾನಾಸ್ಪದವೆಂದು ದಾಖಲಿಸಿದಿರಿ. ನೂರಕ್ಕೆ ಮೂವತ್ತನಾಲ್ಕು ಅಂಕ ಕೊಟ್ಟು, ‘ಹತ್ತೊಂಬತ್ತು ವರ್ಷ ಒಂದೇ ಹುದ್ದೆಯಲ್ಲಿ ಉಳಿದಿರುವುದು ಬೆಳವಣಿಗೆಯ ಹಂಬಲವಿಲ್ಲದಿರುವುದನ್ನು ತೋರಿಸುತ್ತದೆ’ ಎಂಬ ಷರಾ ಬರೆದಿರಿ. ಹಬೆಯಂತ್ರವನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವಳು ಬೆಳೆದು ಏನಾಗಬೇಕಿತ್ತು, ಬಾಯ್ಲರೇ ಎಂದು ಕೇಳಬೇಕೆನಿಸಿತು. ಆದರೆ ಅಷ್ಟರಲ್ಲಿ ತಾವು ‘ತಮ್ಮ ಅಮೂಲ್ಯ ಸಮಯಕ್ಕೆ ವಂದನೆಗಳು’ ಎಂದು ಹೊರಟುಹೋಗಿದ್ದಿರಿ.

ನನ್ನ ಜಾಗಕ್ಕೆ ತಾವು ತೊಂಬತ್ತೆರಡು ಅಂಕ ಕೊಟ್ಟು ನಾಲ್ಕೇ ನಿಮಿಷದಲ್ಲಿ ಆರಿಸಿಕೊಂಡ ಹೆಣ್ಣುಮಗಳು ಅದೇ ದಿನ ಮಧ್ಯಾಹ್ನ ಬುತ್ತಿ ಹಿಡಿದು ಬೆಂಚಿನ ಬಳಿ ಬಂದಳು. ಇಪ್ಪತ್ತಾರರ ಆಸುಪಾಸು, ಚಿಕ್ಕ ನರ್ಸಿಂಗ್ ಹೋಮಿನಲ್ಲಿ ಎರಡು ವರ್ಷ ಇದೇ ಕೆಲಸ ಮಾಡಿದ್ದವಳು. ಕೆಲಸ ಕಲಿಸಲು ತಾವು ಅವಳಿಗೆ ಒಬ್ಬ ಮಾರ್ಗದರ್ಶಿಯನ್ನು ನೇಮಿಸಿದ್ದಿರಿ. ಆ ಮಾರ್ಗದರ್ಶಿಯ ಹೆಸರು ನನ್ನದು. “ಅಕ್ಕಾ, ನಿಮ್ಮ ಜಾಗಕ್ಕೆ ಬಂದಿರೋಳು ನಾನೇ. ಬೈಕೊಳ್ಳಿ ಪರವಾಗಿಲ್ಲ, ಆದ್ರೆ ಕೆಲಸ ಹೇಳ್ಕೊಡಿ” ಎಂದಳು.

ಬೈಯಲಿಲ್ಲ. ಎಲ್ಲವನ್ನೂ ಹೇಳಿಕೊಟ್ಟೆ: ಯಾವ ಡಾಕ್ಟರಿಗೆ ಯಾವ ಕತ್ತರಿ, ಯಾವ ಗಂಟಿಗೆ ಎಷ್ಟು ಸಲಕರಣೆ, ಟ್ರಾಲಿಯ ಯಾವ ಚಕ್ರ ಎಲ್ಲಿ ಮೊಂಡು ಹಿಡಿಯುತ್ತದೆ ಎಂಬುದನ್ನೂ. ಒಂದನ್ನು ಬಿಟ್ಟು. ಎರಡನೇ ಹಬೆಯಂತ್ರದ ತಳದಲ್ಲಿ ನೀರು ಹೋಗುವ ತೂತಿಗೊಂದು ಜಾಲರಿಯಿದೆ. ಅಲ್ಲಿ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಮೊದಲು ಕೈ ಹಾಕಿ ಅದನ್ನು ತೆಗೆಯದಿದ್ದರೆ ಮೀಟರು ಎಲ್ಲ ಸರಿಯಿದೆ ಎನ್ನುತ್ತಲೇ ಇರುತ್ತದೆ, ಒಳಗಿನ ಗಂಟುಗಳಿಗೆ ಮಾತ್ರ ಹಬೆ ಸರಿಯಾಗಿ ತಗಲುವುದಿಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ, ನನ್ನ ಕೈಯಲ್ಲಿದೆ. ನಾನಿಲ್ಲದ ಹತ್ತು ದಿನ ನರ್ಸುಗಳು ಮೊದಲನೆಯ ಯಂತ್ರವೊಂದರಲ್ಲೇ ಹೇಗೋ ನಿಭಾಯಿಸಿದ್ದರಿಂದ ಅದು ಯಾರಿಗೂ ಗೊತ್ತಾಗಿರಲಿಲ್ಲ. ಮರೆತೆನೆಂದು ತಮಗೆ ಬರೆಯಬಹುದಿತ್ತು, ತಾವು ನಂಬಿಬಿಡುತ್ತಿದ್ದಿರಿ. ಮರೆತಿರಲಿಲ್ಲ. ತೊಂಬತ್ತೆರಡು ಅಂಕದವಳು ತಾನೇ ಕಂಡುಕೊಳ್ಳಲಿ ಎಂಬ ಹೊಟ್ಟೆಯುರಿಯಿಂದ ನುಂಗಿಕೊಂಡೆ. ಅನ್ಯಾಯವನ್ನೂ ಇಷ್ಟು ಬೇಗ ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುವ ಅನುಕೂಲವನ್ನು ತಾವು ಒದಗಿಸಿದ್ದೀರಿ ಎಂಬುದನ್ನು ತಮ್ಮ ಜಾಹೀರಾತಿನಲ್ಲಿ ಸೇರಿಸಿಕೊಳ್ಳಬಹುದು.

ಮರುದಿನವೂ ನಾನು ಅದೇ ಬೆಂಚಿನ ಮೇಲೆ ಕೂತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ, ಹಸಿರು ಟೋಪಿಯನ್ನೂ ತೆಗೆಯದೆ, ಹಿರಿಯ ಸರ್ಜನ್ನರು ಮೆಟ್ಟಿಲಿಳಿದು ಗೇಟಿಗೇ ಓಡಿ ಬಂದರು. ಮೇಲೆ ತೊಡೆಯ ಮೂಳೆ ಮುರಿದ ಬಸ್ ಚಾಲಕನೊಬ್ಬ ಆಪರೇಷನ್ ಕೋಣೆಯ ಬಾಗಿಲಲ್ಲಿ ಕಾಯುತ್ತಿದ್ದ. ಅವನ ಹಿಂದೆ ಇನ್ನೂ ಮೂವರು. ಕೆಳಗೆ ಹೊಸ ಹುಡುಗಿ ಗಂಟುಗಳನ್ನು ಕೊಡಲಾರೆನೆಂದು ಬಾಗಿಲಿಗೆ ಅಡ್ಡ ನಿಂತಿದ್ದಳು. ತಮ್ಮ ಪರದೆ ‘ಶುದ್ಧೀಕರಣ ಸಂಪೂರ್ಣ, ರವಾನಿಸಿ’ ಎಂದು ಹಸಿರಾಗಿ ಮಿನುಗುತ್ತಿತ್ತಂತೆ, ಪ್ರತಿ ಎರಡು ನಿಮಿಷಕ್ಕೊಮ್ಮೆ ಅವಳ ಹೆಸರು ಹಿಡಿದು ಎಚ್ಚರಿಕೆ ಕೊಡುತ್ತಿತ್ತಂತೆ. ಅವಳು ಒಂದು ಗಂಟು ಬಿಚ್ಚಿ ನೋಡಿದ್ದಳು. ಬಟ್ಟೆ ಒದ್ದೆಯಾಗಿತ್ತು, ಒಳಗಿಟ್ಟಿದ್ದ ಪರೀಕ್ಷೆಯ ಕಾಗದದ ಪಟ್ಟಿ ಪೂರ್ತಿ ಕಪ್ಪಾಗುವ ಬದಲು ಅರ್ಧಕ್ಕೇ ನಿಂತಿತ್ತು.

ಕಾವಲುಗಾರ ನನ್ನನ್ನು ಒಳಗೆ ಬಿಡಬೇಕಾದರೆ ತಮಗೆ ಕಾರಣ ಬೇಕಿತ್ತು. ಸಂದರ್ಶಕರ ಚೀಟಿಯಲ್ಲಿ ‘ಯಾರನ್ನು ಕಾಣಲು’ ಎಂಬ ಕಡೆ ಅವನು ‘ಎರಡನೇ ಹಬೆಯಂತ್ರ’ ಎಂದು ಬರೆದ. ‘ಸಂಬಂಧ’ ಎಂಬ ಕಡೆ ಒಂದು ಕ್ಷಣ ಯೋಚಿಸಿ ‘ರಕ್ತಸಂಬಂಧ’ ಎಂದು ತುಂಬಿಸಿದ. ತಾವು ತಕ್ಷಣ ಒಪ್ಪಿದಿರಿ. ನಾನು ಹೋಗಿ ಯಂತ್ರ ತಣಿಸಿ, ಮೊಣಕೈ ತನಕ ಕೈಹಾಕಿ, ಸತ್ತ ಇಲಿಯಂಥ ನೂಲಿನ ಮುದ್ದೆಯನ್ನು ಎಳೆದು ಹೊರಗೆ ಹಾಕಿದೆ. ಹುಡುಗಿ ಪಕ್ಕದಲ್ಲಿ ನಿಂತು ಅದನ್ನೂ ನನ್ನನ್ನೂ ನೋಡಿದಳು. ಎಲ್ಲ ಗಂಟುಗಳನ್ನೂ ಹೊಸದಾಗಿ ಕಟ್ಟಿ, ಹಬೆಗಿಟ್ಟು, ಒಂದನ್ನು ಬಿಚ್ಚಿ ಕಾಗದ ಕಪ್ಪಾದದ್ದನ್ನು ಕಣ್ಣಾರೆ ನೋಡಿ ಮೇಲೆ ಕಳಿಸುವಷ್ಟರಲ್ಲಿ ಮೂರು ಗಂಟೆ ತಡವಾಗಿತ್ತು. ಬಸ್ ಚಾಲಕ ಈಗ ಊರುಗೋಲು ಹಿಡಿದು ನಡೆಯುತ್ತಿದ್ದಾನೆ. ತಮ್ಮ ಕಡತಗಳಲ್ಲಿ ಅವನಿಗೆ ಜಾಗವಿಲ್ಲವಾದ್ದರಿಂದ ಇಲ್ಲಿ ತಿಳಿಸಿದ್ದೇನೆ.

ತಮ್ಮ ಕಡತದಲ್ಲಿ ಜಾಗ ಸಿಕ್ಕಿದ್ದು ಆ ಮೂರು ಗಂಟೆಗೆ. ನಾಲ್ಕು ಆಪರೇಷನ್ ತಡ, ಸೂಚನೆಯ ಉಲ್ಲಂಘನೆ ಇಪ್ಪತ್ತೊಂದು ಬಾರಿ, ಆದ್ದರಿಂದ ಪರೀಕ್ಷಾರ್ಥ ಅವಧಿ ಮುಕ್ತಾಯ. ಮಧ್ಯಾಹ್ನದ ಹೊತ್ತಿಗೆ ಅವಳ ಫೋಟೋದ ಸುತ್ತಲೂ ಬಲೂನು ಹಾರಿ, ಅದೇ ಹಾಡು ಬಂತು. ಅವಳು ರಟ್ಟಿನ ಪೆಟ್ಟಿಗೆ ಹಿಡಿದು ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕೂತಳು. “ಜಾಲರಿ ವಿಷಯ ನಂಗೆ ಗೊತ್ತಿತ್ತಮ್ಮ. ಬೇಕಂತಲೇ ಹೇಳಲಿಲ್ಲ” ಎಂದುಬಿಟ್ಟೆ.

“ಗೊತ್ತಾಯ್ತಕ್ಕಾ” ಎಂದಳು. “ನಿನ್ನೆ ನೀವು ಎರಡನೇ ಮಷೀನು ಅಂದಾಗ ನಿಮ್ಮ ಮುಖ ಒಂಥರಾ ಆಯ್ತು. ಏನೋ ಒಂದು ಹೇಳದೆ ಉಳಿಸ್ಕೊಂಡ್ರಿ ಅನ್ನಿಸ್ತು. ಅದಕ್ಕೇ ಬಿಚ್ಚಿ ನೋಡಿದೆ, ಇಲ್ಲಾಂದ್ರೆ ಹಸಿರು ದೀಪ ನೋಡಿ ಕಳಿಸಿಬಿಡ್ತಿದ್ದೆ.”

ನಾನು ಅತ್ತೆ. ಅವಳು ಬುತ್ತಿ ಬಿಚ್ಚಿ ಅರ್ಧ ನನ್ನ ಕಡೆ ತಳ್ಳಿದಳು.

ಮಾನ್ಯರೇ, ಇಬ್ಬರೂ ಒಳಗೆ ಬರುವ ತನಕ ಕತ್ತಿ ಮುಟ್ಟುವುದಿಲ್ಲವೆಂದು ಐದು ಜನ ಸರ್ಜನ್ನರು ಒಂದು ಹಾಳೆಯ ಮೇಲೆ ಕೈಯಾರೆ ಬರೆದು ಸಹಿ ಹಾಕಿದ್ದಾರೆ. ಕಾಗದವನ್ನು ಓದುವ ಅಭ್ಯಾಸ ತಮಗಿಲ್ಲವಾದ್ದರಿಂದ ನಾವು ಮೂರು ವಾರಗಳಿಂದ ಪ್ರತಿದಿನ ಬೆಳಿಗ್ಗೆ ಸಂದರ್ಶಕರ ಚೀಟಿ ಹಿಡಿದು ಒಳಗೆ ಹೋಗುತ್ತಿದ್ದೇವೆ, ನಾನು ಎರಡನೇ ಯಂತ್ರವನ್ನು ಕಾಣಲು, ಅವಳು ಮೊದಲನೆಯದನ್ನು. ಅತ್ತ ತಾವು ನಮ್ಮ ಖಾಲಿ ಹುದ್ದೆಗೆ ಆರುನೂರ ನಲವತ್ತು ಜನರ ಮುಖವನ್ನು ನೋಡಿ ಮುಗಿಸಿದ್ದೀರಿ ಎಂದು ಕೇಳಿದೆ. ಅಷ್ಟು ಮುಖ ನೋಡಿದವರಿಗೆ ನನ್ನದೊಂದು ಸಣ್ಣ ಕೋರಿಕೆ. ದಯವಿಟ್ಟು ಒಮ್ಮೆ ನೆಲಮಾಳಿಗೆಗೆ ಇಳಿದು ಬಂದು, ತೋಳು ಮಡಚಿ, ಜಾಲರಿಗೆ ಕೈಹಾಕಿ. ಕೈಯಿಲ್ಲವೆಂದು ಸಂಕೋಚ ಬೇಡ, ಎರವಲು ಕೊಡಲು ನಾವಿದ್ದೇವೆ. ಬಳಿಕ ಹೇಳದೆ ಉಳಿದದ್ದು ಏನೆಂದು ನನ್ನ ಮುಖ ನೋಡಿ ಹೇಳಿ. ಸರಿಯಾಗಿ ಹೇಳಿದರೆ ನೂರಕ್ಕೆ ಮೂವತ್ತನಾಲ್ಕು ಅಂಕವನ್ನು ನಾನೇ ಖುದ್ದಾಗಿ ತಮಗೆ ದಯಪಾಲಿಸುತ್ತೇನೆ. ಅಲ್ಲಿಯವರೆಗೆ ತಮ್ಮ ದಕ್ಷತೆ ಹೀಗೆಯೇ ವೃದ್ಧಿಸಲಿ, ಆದರೆ ದೇವರ ದಯೆಯಿಂದ ಆಪರೇಷನ್ ಕೋಣೆಯ ಬಾಗಿಲಾಚೆಗೇ ವೃದ್ಧಿಸಲಿ ಎಂದು ಹಾರೈಸುತ್ತಾ,

ಪ್ರತಿದಿನ ಬೆಳಿಗ್ಗೆ ಏಳರಿಂದ ಸಂಜೆ ಐದರವರೆಗೆ ಮಾತ್ರ ಊರ್ಜಿತವಾಗಿರುವ,
ತಮ್ಮ ವಿಶ್ವಾಸಿ,
ಹಬೆ ಅಕ್ಕ

ಮರೆತ ಮಾತು: ಈ ಪತ್ರದ ಒಂದು ಪ್ರತಿಯನ್ನು ಕ್ಯಾಂಟೀನಿನ ಗೋಡೆಗೆ ಅಂಟಿಸಿದ್ದೇನೆ. ಕೆಳಗೆ ಇಂದಿನವರೆಗೆ ಎಪ್ಪತ್ತಮೂರು ಜನ ಪೆನ್ನಿನಲ್ಲಿ ಹೆಸರು, ಹುದ್ದೆ ಬರೆದು ಸಹಿ ಹಾಕಿದ್ದಾರೆ. ಇವತ್ತು ಮಧ್ಯಾಹ್ನ ಸಿಬ್ಬಂದಿ ಅಧಿಕಾರಿಗಳು ಬಂದು, ನಿಂತಲ್ಲೇ ಎರಡು ಸಲ ಓದಿ, ನನ್ನ ಪೆನ್ನು ಕೇಳಿ ಪಡೆದು, ಹೆಸರು ಬರೆದರು. ಹುದ್ದೆಯ ಜಾಗ ಬಂದಾಗ ಕೈ ತಡೆದು, “ಇಲ್ಲಿ ಏನಂತ ಬರೀಲಿ ಅಕ್ಕಾ?” ಎಂದು ಕೇಳಿದರು. “ಖಾಲಿ ಬಿಡಿ ಸಾರ್, ದೊಡ್ಡ ಭಾವನಿಗೆ ಖಾಲಿ ಜಾಗ ಕಂಡ್ರೆ ತುಂಬಾ ಇಷ್ಟ” ಎಂದೆ.