ಹಗ್ಗ ಮಾತ್ರ ಕೊಡುವುದಿಲ್ಲ

ಒಬ್ಬೊಬ್ಬರಿಗೆ ಒಂದೊಂದು ಕಾಯಿಲೆ. ಎದುರುಮನೆ ರತ್ನಮ್ಮನಿಗೆ ಸಕ್ಕರೆ, ನನ್ನ ಸೊಸೆಗೆ ಅರೆತಲೆನೋವು, ನನಗೆ ಬಾಯಿ. ಯಾರಾದರೂ ಏನಾದರೂ ಮಾಡುತ್ತಿದ್ದರೆ ಅದು ಹಾಗಲ್ಲ, ಹೀಗೆ ಎಂದು ಹೇಳದಿದ್ದರೆ ನನಗೆ ಉಂಡ ಮುದ್ದೆ ಅರಗುವುದಿಲ್ಲ. ಕರೆಂಟಿನವನು ಕಂಬ ಹತ್ತಿದರೆ ಕೆಳಗೆ ನಿಂತು ಹೇಳುತ್ತೇನೆ. ಪುರೋಹಿತರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರೆ ದೀಪದ ಬತ್ತಿ ವಾಲಿದೆ ಎಂದು ಎಬ್ಬಿಸುತ್ತೇನೆ. ನಾನು ಓದಿದ್ದು ಕಡಿಮೆ. ಅದಕ್ಕೇ ಇರಬೇಕು, ನನಗೆ ಅನುಮಾನವೂ ಕಡಿಮೆ. ನನ್ನ ಯಜಮಾನರು ಇದ್ದಾಗ, "ನಿನ್ನನ್ನು ಯಾರು ಕೇಳಿದ್ರು?" ಎಂದು ದಿನವೂ ಕೇಳುತ್ತಿದ್ದರು. ಅವರು ಹಾಗೆ ಕೇಳಿದರು ಎಂದು ನಾನು ಅದಕ್ಕೂ ಉತ್ತರ ಹೇಳುತ್ತಿದ್ದೆ.

ನನ್ನ ಮಗನ ಮಗಳು ಸ್ಫೂರ್ತಿ ದೊಡ್ಡಬಳ್ಳಾಪುರದಲ್ಲಿ ಡಿಗ್ರಿ ಓದುತ್ತಾಳೆ. ಅವಳ ಜೊತೆ ಓದುವ ತೇಜಸ್, ಮಂಜು, ಶಬ್ರೀನ್ ಎಂಬ ಮೂವರು ಭಾನುವಾರ ಮಧ್ಯಾಹ್ನ ಸಾಸಲಿನ ಬಸ್ಸು ಹತ್ತಿ ನಮ್ಮ ಮನೆಗೆ ಬಂದುಬಿಡುತ್ತಾರೆ. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಒಂದು ಆಟಕ್ಕೆ ಕೂರುತ್ತಾರೆ. ಆಟ ಎಂದರೆ ನನಗೆ ಗೊತ್ತಿರುವುದು ಚೌಕಾಬಾರ. ಮನೆ ಬರೆದಿರಬೇಕು, ಕಾಯಿ ಇರಬೇಕು, ನೆಂಟರ ಕಾಯಿಯನ್ನು ಹೊಡೆದು ಆರು ತಿಂಗಳು ಮಾತು ಬಿಡಬೇಕು. ಇಲ್ಲಿ ಅದೇನೂ ಇಲ್ಲ. ತೇಜಸ್ ತೊಡೆಯ ಮೇಲೆ ದಪ್ಪ ಪುಸ್ತಕ ಇಟ್ಟುಕೊಂಡು ಕಥೆ ನಡೆಸುತ್ತಾನೆ. ರಾಜನೂ ಅವನೇ, ರಾಕ್ಷಸನೂ ಅವನೇ, ಮಳೆಗಾಳಿಯೂ ಅವನೇ. ಮಿಕ್ಕವರದು ಒಬ್ಬೊಬ್ಬರದು ಒಂದೊಂದು ವೇಷ. ವೇಷ ಎಂದರೆ ಬಣ್ಣ, ಗೆಜ್ಜೆ ಎಂದುಕೊಳ್ಳಬೇಡಿ. ಎಲ್ಲ ಬರೀ ಬಾಯಲ್ಲಿ. ಶಬ್ರೀನ್ ಕತ್ತಿ ಹಿಡಿದ ಸಿಪಾಯಿ. ಮಂಜು ಮಂತ್ರವಾದಿ. ನಮ್ಮವಳು ಕಾಡುಪ್ರಾಣಿಗಳನ್ನು ಪಳಗಿಸುವವಳು. "ನಾನು ಬಾಗಿಲು ಒದೀತೀನಿ" ಎನ್ನುತ್ತಾನೆ ಮಂಜು, ನಿಪ್ಪಟ್ಟು ಕಡಿಯುತ್ತಾ. ಯಾರೂ ಮೇಲೇಳುವುದಿಲ್ಲ. ಬಾಗಿಲು ಮುರಿಯಿತೋ ಇಲ್ಲವೋ ಎಂದು ದಾಳ ಉರುಳಿಸಿ ತಿಳಿದುಕೊಳ್ಳುತ್ತಾರೆ. ಆ ದಾಳವೋ, ಗೋಲಿಗೆ ಮೈತುಂಬ ಮುಖ ಕೆತ್ತಿದ ಹಾಗಿದೆ.

ನಮ್ಮ ಸ್ಫೂರ್ತಿ ಆ ಆಟದಲ್ಲಿ ಒಂದು ಪ್ರಾಣಿ ಸಾಕಿದ್ದಳು. ಹದ್ದಿನ ತಲೆ, ಸಿಂಹದ ಮೈ, ಬೆನ್ನ ಮೇಲೆ ರೆಕ್ಕೆ. ಮೊಟ್ಟೆಯಿಂದ ಮರಿ ಮಾಡಿಸಿ ಬೆಳೆಸಿದ್ದು. ಅವಳು ಇಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ, ನಾನು ಕೆಂಚ ಎಂದೆ. ಎಲ್ಲರೂ ಕೆಂಚ ಎಂದೇ ಕರೆದರು. ಒಂದು ಭಾನುವಾರ ಅವಳು, ಪ್ರಾಣಿ ಪಳಗಿಸುವವಳ ಚೀಲದಲ್ಲಿ ಏನೇನು ಇರುತ್ತದೆ ಎಂದು ಓದಿ ಹೇಳುತ್ತಿದ್ದಳು. ತೊಗಲಿನ ಕೈಗವಸು, ಬೆಳ್ಳಿಯ ಸೀಟಿ, ಗಾಯ ಮಾಯುವ ಔಷಧದ ಬುಡ್ಡಿ, ಆಮೇಲೆ ಒಂದು ಮಂತ್ರದ ಹಗ್ಗ. ಕೊರಳಿಗೆ ಕಟ್ಟಿದ ಆ ಹಗ್ಗದ ತುದಿ ಯಾರ ಕೈಯಲ್ಲಿದೆಯೋ ಅವರ ಮಾತನ್ನು ಪ್ರಾಣಿ ಕೇಳುತ್ತದಂತೆ. ನಾನು ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಸುಮ್ಮನಿದ್ದೆನೇ?

"ಇಷ್ಟೇನೇನೇ?"

"ಸಾಕಲ್ವಾ ಅಜ್ಜಿ?"

"ಔಷಧಿ ಇಟ್ಕೊಂಡಿದ್ದೀಯ, ಕುಡ್ಸೋದು ಹೆಂಗೆ? ಲೋಟದಲ್ಲಿ ಕೊಟ್ರೆ ಕುಡಿಯುತ್ತಾ ಅದು? ಗೊಟ್ಟ ಎಲ್ಲೇ?"

ಗೊಟ್ಟ ಎಂದರೆ ದನದ ಬಾಯಿಗೆ ಔಷಧ ಹುಯ್ಯುವ ಬಿದಿರಿನ ಕೊಳವೆ ಎಂದು ಆ ಮಕ್ಕಳಿಗೆ ವಿವರಿಸಬೇಕಾಯಿತು. ಬಾಯಿಗೆ ಹಾಕುವ ಕುಕ್ಕೆ ಎಲ್ಲಿ ಎಂದೆ. "ಅದೇನು ಕರುನಾ ಅಜ್ಜಿ, ಅದಕ್ಕೆ ಕೊಕ್ಕಿದೆ" ಎಂದಳು. "ಕೊಕ್ಕಿದ್ರೆ ದೊಡ್ಡ ಕುಕ್ಕೆ ಹಾಕು" ಎಂದೆ. ಹೀಗೆ ಮೂಗುದಾರ, ಗಂಟೆ, ಮೈಗೆ ಕಚ್ಚಿಕೊಳ್ಳುವ ಉಣ್ಣೆಹುಳಕ್ಕೆ ಹಚ್ಚಲು ಬೇವಿನೆಣ್ಣೆ, ಹೊಟ್ಟೆ ಉಬ್ಬರಿಸಿದರೆ ಹರಳೆಣ್ಣೆ, ಒಂದು ಮೂಟೆ ಕಡಲೆಕಾಯಿ ಹಿಂಡಿ, ಒಂದು ಮೂಟೆ ಬೂಸಾ ಎಲ್ಲವನ್ನೂ ಬರೆಸಿದೆ. ತೇಜಸ್ ಬೆರಳೆತ್ತಿ, "ಅಜ್ಜಿ, ಒಬ್ಬರು ಇಷ್ಟೇ ಭಾರ ಹೊರಬೋದು ಅಂತ ರೂಲ್ಸ್ ಇದೆ" ಎಂದ.

"ರೂಲ್ಸ್ ಬರ್ದೋನು ಯಾವತ್ತಾದ್ರೂ ಹುಲ್ಲಿನ ಹೊರೆ ಹೊತ್ತಿದ್ನೇನೋ? ಹೆಂಗಸ್ರು ಎಷ್ಟು ಹೊರ್ತಾರೆ ಅಂತ ಅವ್ನಿಗೇನು ಗೊತ್ತು? ಬರ್ಕೊಳ್ಳೇ ನೀನು."

ಬರೆದುಕೊಂಡಳು. ಅದರ ಫಲ ಅವತ್ತೇ ಕಂಡಿತು. ರಾಜನ ಸೈನಿಕರು ಅಟ್ಟಿಸಿಕೊಂಡು ಬಂದಾಗ ಮಂತ್ರವಾದಿ ಓಡಿದ, ಸಿಪಾಯಿ ಓಡಿದಳು, ನನ್ನ ಮೊಮ್ಮಗಳು ಹಿಂಡಿ ಬೂಸಾ ಹೊತ್ತುಕೊಂಡು ಹಳ್ಳದ ಕೆಸರಲ್ಲಿ ಹೂತು ನಿಂತಳು. ಸೈನಿಕರು ಓಡುವ ತೊಂದರೆಯನ್ನೂ ತೆಗೆದುಕೊಳ್ಳದೆ ನಡೆದುಕೊಂಡೇ ಬಂದರಂತೆ. ಇವಳನ್ನು ಬಿಡಿಸಲು ವಾಪಸು ಬಂದ ಶಬ್ರೀನಳ ಸಿಪಾಯಿ ಸಿಕ್ಕಿಬಿದ್ದಳು. ರಾಜ ಹೇಳಿ ಕಳಿಸಿದ: ಆ ರೆಕ್ಕೆಯ ಪ್ರಾಣಿ ನನಗೆ ಕೊಟ್ಟರೆ ಸಿಪಾಯಿಯನ್ನು ಬಿಡುತ್ತೇನೆ, ಇಲ್ಲದಿದ್ದರೆ ಹೊತ್ತು ಮುಳುಗುವ ಮೊದಲು ನೇಣು.

ನೇಣಾದರೆ ಹೊಸ ಸಿಪಾಯಿ ಬರೆದುಕೊಂಡರಾಯಿತು ಎಂದೆ. ಹಾಗಲ್ಲವಂತೆ. ಸತ್ತರೆ ಸತ್ತ ಹಾಗೇ. ಶಬ್ರೀನ್ ಪಿಯುಸಿಯಿಂದ ಅದೇ ವೇಷ ಆಡಿಕೊಂಡು ಬಂದಿದ್ದಾಳೆ. ಅವಳ ಮುಖ ನೋಡಿದರೆ ನಿಜವಾಗಿ ನೇಣಿಗೆ ಹೊರಟವಳ ಹಾಗಿತ್ತು. ನಮ್ಮವಳಿಗೆ ಕೆಂಚನನ್ನು ಬಿಟ್ಟಿರಲು ಆಗದು, ಆದರೂ ಸ್ನೇಹಿತೆಗಾಗಿ ಕೊಡುವುದು ಎಂದು, ಆಟ ಅಲ್ಲಿಗೇ ನಿಲ್ಲಿಸಿ ವಾರವೆಲ್ಲ ಯೋಚಿಸಿ ತೀರ್ಮಾನ ಮಾಡಿದಳು. ಈಗ ಹಗ್ಗ ಸಮೇತ ಕೊಡುವುದು, ಆಮೇಲೆ ಯಾವಾಗಲಾದರೂ ಕೋಟೆಗೆ ನುಗ್ಗಿ ಬಿಡಿಸಿಕೊಂಡು ಬರುವುದು.

ಮುಂದಿನ ಭಾನುವಾರ ಮಗ ಸೊಸೆ ಇಬ್ಬರೂ ನಲ್ಲೂರಿನ ನೆಂಟರ ಮನೆ ಗೃಹಪ್ರವೇಶಕ್ಕೆ ಹೋಗಿದ್ದರು. ನಾನು ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಕೈಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೆ. ರಾಜನ ಆಸ್ಥಾನಕ್ಕೆ ಇವರು ಹೋಗಿ ನಿಲ್ಲುವುದಕ್ಕೂ ಹಸು ಅಂಬಾ ಎನ್ನುವುದಕ್ಕೂ ಸರಿಹೋಯಿತು. ಡೇರಿಗೆ ಹಾಲು ಹಾಕುವ ಹೊತ್ತು. ಕರೆಯುವುದಕ್ಕೆ ಸ್ಫೂರ್ತಿ ಒಬ್ಬಳೇ ಉಳಿದಿದ್ದಳು. ಹದ್ದು ಸಿಂಹ ಪಳಗಿಸಿದ ಹುಡುಗಿಗೆ ನಮ್ಮ ಸೀಮೆಹಸು ಕಂಡರೆ ಪ್ರಾಣಭಯ. ಚೊಂಬು ಬಕೆಟ್ಟು ಹಿಡಿದು ಎದ್ದು, "ಅಜ್ಜಿ, ನನ್ನ ಜಾಗದಲ್ಲಿ ನೀನು ಕೂತ್ಕೋ. 'ತಗೊಳ್ಳಿ' ಅಂತ ಒಂದೇ ಒಂದು ಮಾತು ಹೇಳು. ಇನ್ನೇನೂ ಮಾತಾಡ್ಬೇಡ, ನನ್ನಾಣೆ" ಎಂದು ಹಿತ್ತಿಲಿಗೆ ಹೋದಳು.

ಒಂದು ಮಾತು ತಾನೆ, ಹೇಳಿದರಾಯಿತು ಎಂದು ನಾನೂ ಕೂತೆ. ತೇಜಸ್ ಎದೆ ಉಬ್ಬಿಸಿ ರಾಜನ ದನಿಯಲ್ಲಿ, "ಎಲೈ ಹೆಣ್ಣೇ, ಪ್ರಾಣಿಯನ್ನು ತಂದೆಯಾ? ಹಗ್ಗವನ್ನು ನನ್ನ ಕೈಗೆ ಕೊಡು" ಎಂದ.

"ಪ್ರಾಣಿ ತಗೋ. ಹಗ್ಗ ಕೊಡಲ್ಲ" ಎಂದೆ.

ಇದು ನಾನು ಯೋಚಿಸಿ ಹೇಳಿದ ಮಾತಲ್ಲ. ನಮ್ಮಲ್ಲಿ ದನ ಮಾರಿದರೆ ಹಗ್ಗ ಕೊಡುವುದಿಲ್ಲ. ಹಗ್ಗ ಕೊಟ್ಟರೆ ಕೊಟ್ಟಿಗೆಯ ಲಕ್ಷ್ಮಿಯೂ ಅದರ ಹಿಂದೆಯೇ ಹೊರಟುಬಿಡುತ್ತಾಳೆ. ಕೊಳ್ಳುವವನು ತನ್ನ ಹಗ್ಗ ತರಬೇಕು, ಮೊದಲು ಅವನ ಹಗ್ಗ ಕಟ್ಟಬೇಕು, ಆಮೇಲೆ ನಮ್ಮದನ್ನು ಬಿಚ್ಚಿಕೊಳ್ಳಬೇಕು. ನನ್ನ ಅಪ್ಪ ಕೊಟ್ಟವರಲ್ಲ. ಮಾತೆತ್ತಿದರೆ ಎಲ್ಲವನ್ನೂ ದಾನ ಮಾಡಿ ಬರುತ್ತಿದ್ದ ನನ್ನ ಯಜಮಾನರೂ ಘಾಟಿಯ ದನದ ಸಂತೆಯಲ್ಲಿ ಎತ್ತು ಕೊಟ್ಟು ಹಗ್ಗ ಹೆಗಲ ಮೇಲೆ ಹಾಕಿಕೊಂಡೇ ಬಂದರು.

"ಅಜ್ಜಿ, ಹಗ್ಗ ಇಲ್ದಿದ್ರೆ ಅದು ರಾಜನ ಮಾತು ಕೇಳಲ್ಲ" ಎಂದ ತೇಜಸ್, ಈಗ ತನ್ನ ದನಿಯಲ್ಲೇ.

"ಅದು ಅವ್ನ ಹಣೆಬರಹ. ಮೇವು ಹಾಕಿ ಅಭ್ಯಾಸ ಮಾಡ್ಕೊಳ್ಳಿ."

"ಅಜ್ಜಿ, ಕೊಟ್ಬಿಡಿ. ಸುಮ್ನೆ ಮಾತಿನ ಹಗ್ಗ ಅದು, ನಿಜದ್ದಲ್ಲ" ಎಂದು ಮಂಜು ಕೈ ಮುಗಿದ.

"ಮಾತಲ್ಲೇ ತಾನೆ ಮದ್ವೆನೂ ಆಗೋದು?"

ಶಬ್ರೀನ್ ಮಾತ್ರ ಸಣ್ಣ ದನಿಯಲ್ಲಿ, "ಅಜ್ಜಿ, ನನ್ನ ಸಾಯಿಸ್ತಿದ್ದೀರ" ಎಂದಳು. ಅದು ಚುರುಕ್ಕೆಂದಿತು. ಹುಡುಗಿ ಸಿಕ್ಕಿಬಿದ್ದದ್ದೇ ನಾನು ಹೇರಿಸಿದ ಬೂಸಾದಿಂದ. ಕೊಡುತ್ತೇನೆ ಎಂದು ಬಾಯಿ ತೆರೆದೆ. ನಂಬಿ, ನಾಲಿಗೆ ಏಳಲಿಲ್ಲ. ಯಾರ್‍ಯಾರಿಗೋ ಏನೇನೋ ಅಂದು ಬಂದ ನಾಲಿಗೆ, "ಹಗ್ಗ ತಗೋ" ಎನ್ನಲು ಆಗದೆ ಬಾಯೊಳಗೆ ಅಡ್ಡ ಬಿದ್ದುಕೊಂಡಿತು.

"ರಾಜ ಅಂತೀಯ, ಒಂದು ಹಗ್ಗಕ್ಕೆ ಗತಿ ಇಲ್ವೇನೋ ಅವ್ನಿಗೆ?" ಎಂದೆ ಕೊನೆಗೆ.

ತೇಜಸ್‌ಗೂ ರೇಗಿತ್ತು. "ಇದೆ. ಪ್ರಾಣಿನ ತಡೆಯೋ ಅಂಥ ಗಟ್ಟಿ ಹಗ್ಗ ಕೋಟೆಯಲ್ಲಿ ಒಂದೇ ಇರೋದು. ಶಬ್ರೀನ್‌ನ ನೇಣು ಹಾಕಕ್ಕೆ ಕಂಬಕ್ಕೆ ಕಟ್ಟಿದ್ದಾರೆ, ಅದು!"

"ಅದನ್ನೇ ಬಿಚ್ಚಿಸ್ಕೊಂಡ್ ಬಾ."

"ಏನು?"

"ಪ್ರಾಣಿ ಕೊಟ್ರೆ ಈ ಹುಡುಗೀನ ಬಿಡ್ತೀನಿ ಅಂತ ತಾನೆ ನಿಮ್ ರಾಜ ಹೇಳಿದ್ದು? ಬಿಡೋನಿಗೆ ನೇಣಿನ ಹಗ್ಗ ಯಾಕೆ? ಸುಮ್ನೆ ಮಳೇಲಿ ನೆನೀತಾ ಇರುತ್ತೆ."

ತೇಜಸ್ ಪುಸ್ತಕ ಮಗುಚಿ ಹಾಕಿದ. ಇಂಥದ್ದಕ್ಕೆ ಅದರಲ್ಲಿ ಉತ್ತರ ಇರಲಿಲ್ಲ. ರಾಜ ಒಪ್ಪುತ್ತಾನೋ ಇಲ್ಲವೋ ದಾಳ ಹಾಕಿ ಎಂದ. ಪಟ್ಟಿ ಇಲ್ಲದ ಕೈಯಲ್ಲಿ ಕವಡೆ ಹಾಕುವ ಹಾಗೆ ಕುಲುಕಿ, ಮನೆದೇವರನ್ನು ನೆನೆದು ಹಾಕಿದೆ. ಮಂಜು ಚಾಪೆಯಿಂದ ಎಗರಿ ಬಿದ್ದ. ಅದಕ್ಕಿಂತ ದೊಡ್ಡ ಗರ ಆ ದಾಳದಲ್ಲಿ ಇಲ್ಲವಂತೆ. ಸೈನಿಕರು ನೇಣು ಬಿಚ್ಚಿ ತಂದರು. ಮೊದಲು ಅವರ ಹಗ್ಗ ಕಟ್ಟಿಸಿದೆ, ಆಮೇಲೆ ನಮ್ಮದು ಬಿಚ್ಚಿಕೊಂಡೆ. ಎಲ್ಲ ಪದ್ಧತಿಯ ಪ್ರಕಾರ. ನಮ್ಮ ಹಗ್ಗ ಬಿಚ್ಚಿದ್ದೇ ತಡ, ಯಾರ ಮಾತನ್ನೂ ಕೇಳಬೇಕಾಗಿಲ್ಲ ಎಂದು ತಿಳಿದ ಕೆಂಚ ರೆಕ್ಕೆ ಬಿಚ್ಚಿತು. ನೇಣಿನ ಹಗ್ಗ, ಅದನ್ನು ಹಿಡಿದಿದ್ದ ರಾಜ, ರಾಜನ ಕಾಲು ಹಿಡಿದ ಮಂತ್ರಿ, ಎಲ್ಲರೂ ಹುಣಸೆಗೊಂಚಲಿನ ಹಾಗೆ ತೂಗಾಡುತ್ತಾ ಆಕಾಶಕ್ಕೆ ಹೋದರು. ಆ ಗಲಾಟೆಯಲ್ಲಿ ಶಬ್ರೀನಳ ಸಿಪಾಯಿ ಬಾಗಿಲು ದಾಟಿ ಹೊರಗೆ ಬಂದಳು. ಆ ಹುಡುಗಿ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು, ಪಟ್ಟಿ ಕಟ್ಟಿದ ಕೈ ಮೇಲೆಯೇ. ನಾನು ಕಿರುಚಿದೆ. ಸಂತೋಷಕ್ಕೆ ಎಂದುಕೊಂಡು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

ಅಷ್ಟು ಹೊತ್ತಿಗೆ ಸ್ಫೂರ್ತಿ ಬಂದಳು. ಕೂದಲಲ್ಲಿ ಹುಲ್ಲು, ಅಂಗಿ ಮೇಲೆ ಸಗಣಿಯ ಗೊರಸಿನ ಗುರುತು, ಬಕೆಟ್ಟಿನ ತಳದಲ್ಲಿ ಕಾಫಿಗೆ ಆಗುವಷ್ಟು ಹಾಲು.

"ಏನಾಯ್ತು?"

"ನಾನು ಬದುಕ್ಬಿಟ್ಟೆ ಕಣೇ!" ಎಂದಳು ಶಬ್ರೀನ್.

"ಕೆಂಚ?"

ಮಂಜು ಮೇಲೆ ಜಂತೆ ನೋಡಿದ. ಅವನು ನೋಡಿದ ಎಂದು ಸ್ಫೂರ್ತಿಯೂ ನೋಡಿದಳು. ರಾಜನ ಹತ್ತಿರ ಇದ್ದಿದ್ದರೆ ಬಿಡಿಸಿಕೊಂಡು ಬರಬಹುದಿತ್ತು. ಆಕಾಶಕ್ಕೆ ಹೋದದ್ದನ್ನು ಎಲ್ಲಿ ಹುಡುಕುವುದು? ಅವಳ ಕಣ್ಣಲ್ಲಿ ನೀರು ಬಂತು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಡೇರಿಯ ಹಾಲು ನೆಲಕ್ಕೆ ಹೋಯಿತಲ್ಲ ಎಂದು ನನಗೆ ಉರಿಯುತ್ತಿತ್ತು. ಆದರೂ ಬಾಯಿಗೆ ಬಂದ ಆ ಮಾತನ್ನು ನುಂಗಿದೆ. ನುಂಗಿದ್ದು ಗಂಟಲಲ್ಲೇ ಕೂತು ಕೆಮ್ಮು ಬಂತು.

ಆ ವಾರ ಅವಳು ನನ್ನ ಜೊತೆ ಮಾತಾಡಲಿಲ್ಲ. ಭಾನುವಾರ ಚಾಪೆ ಹಾಸಿದರು. ಪಳಗಿಸುವವಳ ಹತ್ತಿರ ಈಗ ಗೊಟ್ಟ ಇದೆ, ಕುಕ್ಕೆ ಇದೆ, ಹಗ್ಗ ಇದೆ, ಪ್ರಾಣಿ ಮಾತ್ರ ಇಲ್ಲ. ತೇಜಸ್ ಪುಸ್ತಕದಲ್ಲಿ ಒಂದೊಂದೇ ಪ್ರಾಣಿ ತೋರಿಸಿದ. ಇದು ಸಾಧು, ಇದು ಬೇಗ ಪಳಗುತ್ತದೆ, ಇದು ಹೇಳಿದ ಮಾತು ಕೇಳುತ್ತದೆ ಎಂದು ಒಂದೊಂದನ್ನೇ ತಳ್ಳಿಹಾಕಿ ಸ್ಫೂರ್ತಿ ನನ್ನ ಕಡೆ ತಿರುಗಿದಳು.

"ಯಾರ ಮಾತೂ ಕೇಳದೇ ಇರೋದು ಬೇಕು ನನಗೆ. ಅಜ್ಜಿ, ನೀನೇ ಆಗು."

ಹಾಗೆ ನಾನು ಕರಡಿಯಾದೆ. ಬೆಟ್ಟದ ಗುಹೆಯಲ್ಲಿರುವ, ಇದುವರೆಗೆ ಯಾರಿಗೂ ಬಗ್ಗದ ಮುದಿ ಕರಡಿ. ಕರಡಿಗೆ ಮಾತು ಬರುವುದಿಲ್ಲ, ಸಲಹೆ ಕೊಡುವ ಹಾಗಿಲ್ಲ, ಏನಿದ್ದರೂ ಗುರುಗುಟ್ಟಬೇಕು ಎಂದು ನಾಲ್ವರೂ ಸೇರಿ ರೂಲ್ಸ್ ಮಾಡಿದರು. ಮಾಡುವಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕದ್ದು ನನಗೆ ಕಾಣದೇ ಇರಲಿಲ್ಲ. ಆಗಲಿ, ಆಟ ಎಂದ ಮೇಲೆ ಆಟ. ಸ್ಫೂರ್ತಿ ಹಗ್ಗ ಹಿಡಿದು ಗುಹೆಯ ಹತ್ತಿರ ಬಂದಳು. ನಾನು ಉಸಿರು ತುಂಬಿಕೊಂಡು, ಹಲ್ಲು ಬಿಗಿದು, ಕಣ್ಣು ಕೆಂಪು ಮಾಡಿ, ಈ ಜನ್ಮದಲ್ಲಿ ಇಲ್ಲದ ಕೋಪವನ್ನೆಲ್ಲ ಒಟ್ಟು ಸೇರಿಸಿ ಗರ್ಜಿಸಿದೆ. ಮಂಜುವಿನ ಕೈಯ ನಿಪ್ಪಟ್ಟು ಬಿತ್ತು. ಶಬ್ರೀನ್ ಕಿವಿ ಮುಚ್ಚಿಕೊಂಡಳು.

ಅಡುಗೆಮನೆಯಿಂದ ನನ್ನ ಸೊಸೆ, "ಬಂದೆ ಅತ್ತೇ, ಕಾಫಿ ಸೋಸ್ತಾ ಇದ್ದೀನಿ" ಎಂದಳು.