ಮಾವನ ಪಾಲಿನ ನಿಂಬು ಸೋಡಾ

ದೆವ್ವ ರಾತ್ರಿ ಬರ್ತಾವ ಅನ್ನೋರು ಬ್ಯಾಸಗ್ಯಾಗ ಒಂದ್ಸಲ ನಮ್ಮ ವಾಡಿಗಿ ಬಂದು ನೋಡಬೇಕ್ರಿ. ರಾತ್ರಿ ಇಲ್ಲಿ ರೈಲಿನ ಮಂದಿ, ಚಹಾದ ಮಂದಿ, ಲಗೇಜಿನ ಮಂದಿ ಸಂತಿ ಕೂಡಿದಂಗ ಇರ್ತದ, ಪಾಪ ದೆವ್ವಕ್ಕ ನಿಂದರಲಿಕ್ಕ ಜಾಗಾ ಎಲ್ಲಿ? ಮಟಮಟ ಮಧ್ಯಾಹ್ನದ್ದು ಬ್ಯಾರೆ ಮಾತು. ರಸ್ತಾದ ಮ್ಯಾಲ ನಾಯಿ ಸೈತ ಇರಂಗಿಲ್ಲ. ಬಿಸಿಗಾಳಿಗಿ ಎಲ್ಲೋ ಒಂದು ತಗಡು ಟಪ್ ಟಪ್ ಅಂತಿರ್ತದ. ಆ ಹೊತ್ತಿನ್ಯಾಗ ಥಂಡಾ ಮಾರೋದು ನನ್ನ ಕೆಲಸ. ಹಿಂಗಾಗಿ ಇಂಥವು ನನಗ ಆಗ್ತಾನೇ ಇರ್ತಾವ.

ಅಂಗಡಿ ನಮ್ಮ ಮಾವಂದು, ಅಂದ್ರ ನನ್ನ ಗಂಡನ ಅಪ್ಪಂದು. ಸ್ಟೇಷನ್ ಹೊರಗ, ಚಿತ್ತಾಪುರ ಬಸ್ ನಿಂದರೋ ಕಡಿ, ಬೇವಿನ ಗಿಡದ ಬುಡಕ ಒಂದು ತಗಡಿನ ಡಬ್ಬಿ. ಮಸಾಲಿ ಮಜ್ಜಿಗಿ, ಬೆಲ್ಲದ ಪಾನಕ, ಸಬ್ಜಾ ಹಾಕಿದ ಶರಬತ್ತು ಎಲ್ಲಾ ಮಾಡ್ತಿದ್ರು, ಆದ್ರ ಮಂದಿ ಬರ್ತಿದ್ದದ್ದು ನಿಂಬು ಸೋಡಾಕ್ಕ. ಮೊದಲ ಉಪ್ಪು, ಉಪ್ಪಿನ ಮ್ಯಾಲ ನಿಂಬಿಹಣ್ಣು ಹಿಂಡಬೇಕು, ಆಮ್ಯಾಲ ಗಿಲಾಸದ ಗ್ವಾಡಿಗುಂಟ ಸೋಡಾ ಇಳಿಸಬೇಕು. ಚಮಚ ಮುಟ್ಟಸಂಗಿಲ್ಲ. ಬೀಜಾನೂ ಸೋಸಂಗಿಲ್ಲ, ಯಾಕಂದ್ರ ಮಾವಗ ಒಂದು ಚಟ ಇತ್ತು. ಕುಡದಾದ ಮ್ಯಾಲ ಬೀಜ ಒಂದೊಂದೇ ಬಾಯಾಗಿಂದ ತಗದು ಕಟ್ಟಿ ಅಂಚಿಗಿ ಸಾಲಾಗಿ ಇಡ್ತಿದ್ರು. ಮನ್ಯಾಗೂ ಹಂಗೇ. ಅದನ್ನ ಎತ್ತಿ ಎತ್ತಿ ನಮ್ಮ ಅತ್ತಿ ಬೈತಿದ್ರು.

ಹೋದ ಚಳಿಗಾಲದಾಗ ಮಾವ ತೀರಿಕೊಂಡ್ರು. ಮೈದುನ ಅಂಗಡಿ ಮೊಬೈಲ್ ರಿಪೇರಿಯವಗ ಬಾಡಗಿ ಕೊಡೋಣು ಅಂದ. ನಾ ನಡಸ್ತೀನಿ ಅಂದೆ. ಅತ್ತಿ ತೀರ್ಪು ಕೊಟ್ರು: "ಮಿರಗದ ಮುಂಗಾರು ಮಳಿ ಬೀಳೂತನಕ ನಡಸು. ಗಿರಾಕಿ ನಿಂತ್ರ ಅಂಗಡಿ ನಿಂದು. ಓಡಿದ್ರ ಮೊಬೈಲಿನವಂದು." ಮನ್ಯಾಗ ಕುಂತು ಜ್ವಾಳ ಹಸನ ಮಾಡಿ ಮಾಡಿ ನನಗ ಸಾಕಾಗಿತ್ರಿ. ಆ ತಗಡಿನ ಡಬ್ಬಿ ಅಂದ್ರ ನನಗ ಅರಮನಿ.

ಬೀಜ ಎಲ್ಲಿ ಹೋದವು?

ಅತ್ತಿ ಒಂದು ಕರಾರು ಹಾಕಿದ್ರು. ದಿನಾ ಮಧ್ಯಾಹ್ನ ಒಂದು ಗಿಲಾಸ ನಿಂಬು ಸೋಡಾ ಮಾವನ ಪಾಲಿಗಿ ಅಂಗಡಿ ಹಿಂದ ಗಿಡದ ಬುಡಕಿರೋ ಫರಸಿ ಕಲ್ಲಿನ ಮ್ಯಾಲ ಇಡಬೇಕು. ಸತ್ತವರಿಗಿ ಎಡಿ ಇಟ್ಟಾಗ ಬಾಗಲಾ ಮುಂದ ಮಾಡಿ ಹೊರಗ ನಿಂದರ್ತೀವಲ್ರಿ, ತಿರುಗಿ ನೋಡಬಾರ್ದಲ್ರಿ, ಹಂಗ ಇದಕ್ಕೂ. ಗಿಲಾಸ ಇಟ್ಟು, ಅಂಗಡಿ ಹಿಂದಿನ ಗೋಣಿ ಪರದೆ ಇಳಿಸಿ ಸ್ವಲ್ಪ ಹೊತ್ತು ಆ ಕಡಿ ಹಾಯಬಾರ್ದು.

ಮೊದಲನೇ ದಿನ ಇಟ್ಟೆ. ಪರದೆ ಎತ್ತಿ ನೋಡ್ತೀನಿ, ಗಿಲಾಸ ಖಾಲಿ! ಸುತ್ತ ಒಂದು ಹನಿ ಚೆಲ್ಲಿಲ್ಲ. ಸಂಜಿಕಿ ಮನಿಗಿ ಹೋಗಿ ಹೇಳಿದ್ರ, ಅತ್ತಿ ಕಣ್ಣು ಮುಚ್ಚಿ ಮಲಕೊಂಡೇ, "ಬಿಸಲಿಗಿ ಆರಿರ್ತದ ತಗೋ" ಅಂದ್ರು.

"ಸೋಡಾ ಆರಿತು ಅನ್ರಿ. ನಿಂಬಿ ಬೀಜ ಎಲ್ಲಿ ಹೋದವು?"

ಅತ್ತಿ ಒಂದು ಕಣ್ಣು ತೆರದ್ರು. "ಎಡಿ ಇಟ್ಟಿದ್ದು ನಿಮ್ಮ ಮಾವಗ. ಲೆಕ್ಕ ಕೇಳೋದು ನನ್ನೇನು?"

ಬಿಳಿ ಮನಷ್ಯಾ

ಆವತ್ತಿನಿಂದ ನನ್ನ ಕಣ್ಣಿಗಿ ಎಲ್ಲಾರೂ ದೆವ್ವನೇ. ಒಂದಿನ ಮಧ್ಯಾಹ್ನ ಮಜ್ಜಿಗಿ ಕಡೀಲಿಕತ್ತಿದ್ದೆ. ತಲಿ ಎತ್ತಿದ್ರ ಎದುರಿಗಿ ಒಬ್ಬಂವ ನಿಂತಾನ. ಬಂದ ಸಪ್ಪಳಿಲ್ಲ. ತಲಿಗೂದಲಾ ಬಿಳಿ, ಮುಖ ಬಿಳಿ, ಹುಬ್ಬು ಬಿಳಿ, ರೆಪ್ಪಿ ಸೈತ ಬಿಳಿ. ಕಣ್ಣೆರಡೇ ಕೆಂಪಗ. ತುಟಿ ಅಲ್ಲಾಡ್ಲಿಕತ್ತಾವ, ದನಿ ಬರವಲ್ದು.

ನಾ "ಅಯ್ಯಯ್ಯೋ ಮಾವಾ!" ಅಂತ ಚೀರಿ, ಕೈಯಾಗಿದ್ದ ಮಜ್ಜಿಗಿ ಗಡಿಗಿ ಎತ್ತಿ ಅವನ ಮ್ಯಾಲ ಸುರುವಿಬಿಟ್ಟೆ. ಕರಿಬೇವಿನ ಎಲಿ ಒಂದು ಹಣಿಮ್ಯಾಲ ಅಂಟಿತು. ಬಿಳಿ ಎಲ್ಲಾ ಹರದು ಕೆಳಗ ಒಂದು ಕರೇ ಮೀಸಿ ಕಾಣಿಸ್ತು. ರಾವೂರ ಕಡಿಂದ ಬಂದ ಕಲ್ಲು ಪಾಲಿಶ್ ಮಾಡೋ ಮನಷ್ಯಾ! ಮಷೀನಿನ ಧೂಳದಾಗ ಮುಂಜಾನಿಂದ ನಿಂತು ಗಂಟಲಾ ಒಣಗಿ ದನಿ ಹೋಗಿತ್ತು.

ಅಂವ ಸಿಟ್ಟಿಗೇಳಲಿಲ್ಲ. ಮೀಸಿ ಮ್ಯಾಲಿಂದ ಮಜ್ಜಿಗಿ ನಾಲಿಗಿಲೇ ನೆಕ್ಕಿ ನೋಡ್ದ.

"ಅಕ್ಕಾ, ಉಪ್ಪು ಬರೋಬ್ಬರಿ ಅದ. ಇನ್ನೊಂದು ಕೊಡ್ರಿ, ಇದು ಗಿಲಾಸದಾಗ."

ಮಾಸ್ತರ ಚಪ್ಪಲಿ

ನನ್ನ ಚೀರಾಟ ಊರಾಗ ಹಬ್ಬಿತು. ಸೋಡಾ ಮುತ್ಯಾ, ಅಂದ್ರ ನಮ್ಮ ಮಾವ, ಇನ್ನೂ ಅಂಗಡ್ಯಾಗೇ ಹಾನ ಅಂತ ಮಂದಿ ಮಾತಾಡ್ಲಿಕತ್ರು. ರಿಟೈರ್ ಆದ ಒಬ್ರು ಮಾಸ್ತರು ನನ್ನ ಕಡಿ ಬಂದು, "ನೋಡವ್ವಾ ತಂಗಿ, ದೆವ್ವಾ ಗಿವ್ವಾ ಎಲ್ಲಾ ಮನಸಿನ ಭ್ರಮೆ. ಇವತ್ತು ನಾನೇ ಆ ಕಲ್ಲಿನ ಬಾಜೂ ಕುಂತು ನೋಡ್ತೀನಿ" ಅಂದ್ರು. ನನಗ ಜೀವ ಬಂದಂಗಾತು. ಗಿಲಾಸ ಇಟ್ಟೆ, ಮಾಸ್ತರು ಚಪ್ಪಲಿ ಬಿಟ್ಟು ಗಿಡಕ್ಕ ಬೆನ್ನು ಕೊಟ್ಟು ಕುಂತ್ರು. ನಾ ಪರದೆ ಇಳಿಸಿದೆ.

ಗಪ್ ಚುಪ್. ಗಾಳಿ ನಿಂತುಬಿಟ್ಟಿತ್ತು. ಗಿಡದ ಒಂದು ಎಲಿ ಅಲ್ಲಾಡವಲ್ದು. ಮಾಸ್ತರು ಒಂದ್ಸಲ ಕೆಮ್ಮಿದ್ರು. ಆಮ್ಯಾಲ ಪರದೆ ಹರಕೊಂಡು ನನ್ನ ಮುಂದಿಂದ ಬರಿಗಾಲಿಲೇ ಓಡಿದ್ರು ನೋಡ್ರಿ! "ಗಿಡಕ್ಕ ಕೈ ಬಂದಾವ! ಗಿಡಕ್ಕ ಕೈ ಬಂದಾವ!" ಬಿಸಲಿಗಿ ಡಾಂಬರ ಕರಗಿತ್ತು, ಹಾರಿ ಹಾರಿ ಓಡಿದ್ರು. ಗಿಲಾಸ? ಖಾಲಿ.

ಸಂಜಿಕಿ ಫೋನ್ ಮಾಡಿದ್ರು. "ದೆವ್ವ ಅನ್ನೋದು ಇಲ್ಲವ್ವಾ, ನಾ ಈಗೂ ಹೇಳ್ತೀನಿ. ಆದ್ರ ಚಪ್ಪಲಿ ನೀನೇ ತಂದು ಕೊಟ್ಟುಬಿಡು."

ಅಮಾಸಿ ದಿನ

ಇಷ್ಟಾದ ಮ್ಯಾಲ ಗಿರಾಕಿ ಎಲ್ಲಿಂದ ಬರಬೇಕ್ರಿ? ಒಬ್ಬ ಆಟೋದಂವ ಅಷ್ಟೇ ಬರ್ತಿದ್ದ. ಅವನೂ ಕೆಳಗ ಇಳೀತಿರಲಿಲ್ಲ. ಇಂಜಿನ್ ಚಾಲೂ ಇಟ್ಟು, ಒಂದು ಕಾಲು ಬ್ರೇಕಿನ ಮ್ಯಾಲ ಇಟ್ಟು ಶರಬತ್ತು ಕುಡೀತಿದ್ದ.

ಅಮಾಸಿಗಿ ಅತ್ತಿ ಮುಂಜಾನಿ ರೈಲಿಗಿ ನಾಲವಾರ ಮಠಕ್ಕ ಹೋದ್ರು. ಆವತ್ತೂ ನೇಮದಂಗ ಗಿಲಾಸ ಇಟ್ಟೆ. ಪರದೆ ಎತ್ತಿದ್ರ ಖಾಲಿ. ರೂಢಿ ಆಗಿತ್ತು, ತೊಳೀಲಿಕ್ಕ ಎತಗೊಂಡೆ. ಕಲ್ಲಿನ ಅಂಚಿಗಿ ನಿಂಬಿ ಬೀಜ ಬಿದ್ದಿದ್ದವು, ಒಂದರ ಹಿಂದ ಒಂದು. ಇರಿವಿ ಎಳದಾವ ಅಂತ ಅರಿವಿಲೇ ವರಸಿಬಿಟ್ಟೆ. ನಮ್ಮೂರ ಇರಿವಿ ಸಾಲು ಹಚ್ಚಿ ಕೆಲಸಾ ಮಾಡ್ತಾವಲ್ಲ, ಶಾಣ್ಯಾ ಅವ ಅಂತ ಆಟೋದವನ ಮುಂದ ಹೇಳಿದೆ. ಅಂವ ಗಿಲಾಸ ಸಮೇತ ಆಟೋ ಬಿಟ್ಟುಕೊಂಡು ಹೋದ.

ತೇಗು

ಮರುದಿನ ಮೈದುನ ಮೊಬೈಲಿನವನ್ನ ಕರಕೊಂಡು ಬಂದ. "ವೈನಿ, ಸಾಕು ಬಿಡ್ರಿ ಇನ್ನ. ಗಿರಾಕಿ ಇಲ್ಲ, ಇವತ್ತೇ ಬೀಗ ಹಾಕೋಣು." ಇಬ್ರೂ ಅಂಗಡಿ ಮುಂದ ನಿಂತು ಟೇಪ್ ಹಿಡದು ಅಳೀಲಿಕತ್ರು. ನನಗ ಅಳು ಬಂತ್ರಿ, ಸಿಟ್ಟೂ ಬಂತು. ಕಡೀ ಗಿಲಾಸ ಅಂತ ಇಟ್ಟು ಪರದೆ ಇಳಿಸಿದೆ. ಆಮ್ಯಾಲ ಏನಾರ ಆಗ್ಲಿ ಅಂತ ನೇಮ ಮುರದು ಸಂದಿಲೇ ಹಣಿಕಿ ಹಾಕಿದೆ.

ಗಿಡದ ಹಿಂದಿಂದ ಒಂದು ಕೈ ಬಂತು. ಸುಕ್ಕು ಬಿದ್ದ ಕೈ. ಗಿಲಾಸ ಎತಗೊಂಡು ಹಿಂದ ಸರೀತು. ನಾ ಗಿಡ ಸುತ್ತಿ ಹೋದೆ. ಬಿಳಿ ಸೀರಿ, ಮುಖ ಕಾಣದಂಗ ಸೆರಗು, ಗೂನು ಬೆನ್ನು. ನಾ ಕೈ ಮುಗದು, "ಯಾರಿದ್ರೂ ಬಿಟ್ಟುಬಿಡ್ರೀ, ನನ್ನ ಅಂಗಡಿ ಉಳಸ್ರೀ" ಅಂದೆ.

ಸೆರಗಿನೊಳಗಿಂದ ದೊಡ್ಡದೊಂದು ತೇಗು ಬಂತು. ಆ ತೇಗು ನಾ ದಿನಾ ಊಟ ಆದ ಮ್ಯಾಲ ಕೇಳ್ತೀನ್ರಿ.

"ಅತ್ತಿ!"

"ಏ, ಸಣ್ಣಗ ಮಾತಾಡು!" ಅಂದ್ರು ಅತ್ತಿ. "ಬಿಪಿ ಅಂತ ಡಾಕ್ಟರ್ ಉಪ್ಪು ಬಿಡಸ್ಯಾನ. ಮನ್ಯಾಗ ನೀ ಸಪ್ಪಾ ಹಾಕ್ತಿ. ನಾ ಏನ್ ಮಾಡ್ಲಿ? ನಿಮ್ಮ ಮಾವ ಇದ್ದಾಗರ ಒಂದಿನ ಕುಡಿಸಿದ್ರೇನು? ಹೆಣಮಕ್ಕಳು ರಸ್ತಾದಾಗ ನಿಂತು ಸೋಡಾ ಕುಡೀತಾರೇನು ಅಂತಿದ್ರು. ಊರಿಗೆಲ್ಲಾ ಕುಡಿಸಿದ್ರು, ನನಗ ಇಲ್ಲ." ಕಣ್ಣಾಗ ನೀರು ಬಂದವು.

"ಮಾಸ್ತರು ನೋಡಿದ್ದು ನಿಮ್ಮ ಕೈ ಏನು?"

"ಮತ್ತ? ಕುಂತುಬಿಟ್ಟಿದ್ದ ಅಡ್ಡ, ಎಷ್ಟು ಹೊತ್ತು ಕಾಯ್ಲಿ?"

"ಬೀಜ?"

"ನುಂಗತಿದ್ದೆ. ಗುರ್ತ ಸಿಗಬಾರ್ದಲ್ಲ."

ನಾ ನಕ್ಕೋತ ಕಲ್ಲಿನ ಮ್ಯಾಲ ಕುಂತೆ. ಕುಂತಮ್ಯಾಲ ನೆನಪಾತು, ನಗು ಬಂದ್ ಆತು. "ಅತ್ತಿ, ನಿನ್ನಿ ಅಮಾಸಿ ದಿನ ನೀವು ನಾಲವಾರದಾಗ ಇದ್ರಿ. ನಿನ್ನಿನೂ ಗಿಲಾಸ ಖಾಲಿ ಇತ್ತು. ಬೀಜ ಇದೇ ಕಲ್ಲಿನ ಅಂಚಿಗಿ ಸಾಲಾಗಿ ಇದ್ದವು."

ಅತ್ತಿ ಕಲ್ಲಿನ ಅಂಚು ನೋಡಿದ್ರು. ಗಾಳಿ ಇರಲಿಲ್ಲ, ಅಂಗಡ್ಯಾಗ ಒಂದು ಗೋಲಿ ಸೋಡಾ ಬಾಟ್ಲಿ ತನ್ನಷ್ಟಕ್ಕ ಸುಂಯ್ ಅಂತು. ಅತ್ತಿ ನಿಧಾನಕ್ಕ ಸೆರಗು ಸರಿ ಮಾಡಿಕೊಂಡ್ರು, ಮಾವ ಊಟಕ್ಕ ಬಂದಾಗ ಮಾಡಿಕೊಳ್ಳೋ ಹಂಗ.

ಅಷ್ಟರಾಗ ಮೈದುನ ಗಿಡದ ಹಿಂದ ಬಂದ. ಪರದೆ ಹತ್ರ ನಿಂತು ಮಾತೆಲ್ಲಾ ಕೇಳಿಸಿಕೊಂಡಿದ್ದ ಮೊಬೈಲಿನಂವ ಆಗಲೇ ಟೇಪ್ ಅಲ್ಲೇ ಒಗದು ಬೈಕಿಗಿ ಕಿಕ್ ಹೊಡೀಲಿಕತ್ತಿದ್ದ. ಮೈದುನಗ ಇನ್ನೂ ತಿಳದಿರಲಿಲ್ಲ. "ಅವ್ವಾ, ನೀ ಇಲ್ಲೇನ್ ಮಾಡ್ಲಿಕತ್ತಿ? ವೈನಿ, ಬೀಗದ ಕೈ ಕೊಡ್ರಿ."

"ಬೀಗ ಹಾಕಿದ್ರ ನಿಮ್ಮಪ್ಪ ಎಲ್ಲಿ ಕುಡೀಬೇಕೋ?" ಅಂತ ಅತ್ತಿ ಗದರಿಸಿದ್ರು. ಆಮ್ಯಾಲ ನನ್ನ ಕಡಿ ಹೊಳ್ಳಿ, "ಏ ಹುಡುಗಿ, ಲಗೂನ ಇನ್ನೊಂದು ಸೋಡಾ ಒಡಿ. ಅಯ್ಯ ಪಾಪ, ಇಷ್ಟು ದಿನಾ ಅವ್ರು ಈ ಬಿಸಲಾಗ ಬಂದು ಬಂದು, ನಾ ಕುಡದಿಟ್ಟ ಖಾಲಿ ಗಿಲಾಸ ನೋಡಿ ಹೋಗ್ಯಾರ!"