ಎಂಟು ಕವಡೆಯ ಆಳ

ಚಲಪತಿಗೆ ಲೆಕ್ಕ ಇಡುವ ಕೆಲಸ ಒಪ್ಪಿಸಿದ್ದೇ ಭಾಗ್ಯಮ್ಮ ಮಾಡಿದ ತಪ್ಪು. ಗಂಡ ದೊಡ್ಡಬಳ್ಳಾಪುರದ ಮಗ್ಗಗಳಿಗೆ ಸೀರೆ ಅಂಚಿನ ಡಿಸೈನ್ ಬರೆಯುವವನು, ನವಿಲಿಗೆ ಮೂರು ಕಾಲು ಬರೆದು ಆಮೇಲೆ ತಾನೇ ಬೆರಗಾಗಿ ನೋಡುವವನು ಎಂಬುದು ಹದಿನಾರು ವರ್ಷ ಸಂಸಾರ ಮಾಡಿದ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಬೋರ್‌ವೆಲ್ ಗಾಡಿ ಬಂದ ದಿನವೇ ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಅವಳಿಗೆ ರಜೆ ಸಿಗಲಿಲ್ಲ.

ಹಿತ್ತಲಲ್ಲಿ ನೀರು ಬಂದರೆ ಪಕ್ಕದ ಮನೆ ಅಶ್ವತ್ಥಮ್ಮನವರ ನಲ್ಲಿಯ ಮುಂದೆ ದಿನಾ ಬಿಂದಿಗೆ ಹಿಡಿದು ನಿಲ್ಲುವುದು ತಪ್ಪುತ್ತಿತ್ತು. ಎರಡು ಬಿಂದಿಗೆ ನೀರಿಗೆ ನಾಲ್ಕು ಬಿಂದಿಗೆ ಮಾತು ಕೇಳಿ ಭಾಗ್ಯಮ್ಮನಿಗೆ ಸಾಕಾಗಿತ್ತು. ಅಶ್ವತ್ಥಮ್ಮನವರ ಬೋರಿಗೆ ಏಳುನೂರ ತೊಂಬತ್ತು ಅಡಿಯಲ್ಲಿ ನೀರು ಸಿಕ್ಕಿತ್ತು. ಮೂವತ್ತು ಹೆಜ್ಜೆ ಈಚೆಗೂ ಅದೇ ನೀರು ಇರಲೇಬೇಕು, ಎಂಟುನೂರು ಅಡಿ ಕೊರೆದರೆ ಸಾಕು ಎಂಬುದು ಅವಳ ತೀರ್ಮಾನ. ಒಂದು ಪೈಪಿಗೆ ಇಪ್ಪತ್ತಡಿ.

ಅಜ್ಜಿಯ ಚೌಕಾಬಾರದ ಡಬ್ಬಿಯಿಂದ ಎಂಟು ಕವಡೆ ತೆಗೆದು ಗಂಡನ ಎಡಜೇಬಿಗೆ ಹಾಕಿದಳು. “ಒಂದು ಪೈಪು ಇಳಿದ್ರೆ ಒಂದು ಹುಣಸೆಬೀಜ ಈ ಡಬ್ಬಿಗೆ. ಐದು ಬೀಜ ಆದ್ರೆ ಬೀಜ ತೆಗ್ದು, ಒಂದು ಕವಡೆ ಬಲಜೇಬಿಗೆ. ಎಂಟೂ ಕವಡೆ ಬಲಕ್ಕೆ ಬಂದ್ಮೇಲೆ ನಿಲ್ಸಿ. ಅಲ್ಲೀವರ್ಗೂ ಯಾರ್ ಏನಂದ್ರೂ ನಿಲ್ಲಿಸ್ಬೇಡಿ. ಗಾಡಿಯವ್ರು ಜಾಸ್ತಿ ಪೈಪು ಹೇಳ್ತಾರೆ, ನಂಬ್ಬೇಡಿ.” ಇಷ್ಟು ಹೇಳಿ ಅವಳು ಫ್ಯಾಕ್ಟರಿ ಬಸ್ಸು ಹತ್ತಿದಳು.

ಚಲಪತಿಯ ತಲೆಯಲ್ಲಿ ಆಗ ಬೇರೆಯೇ ಲೆಕ್ಕ ಓಡುತ್ತಿತ್ತು. ಮಗಳು ಕೀರ್ತನ ಶಾಲೆಗೆಂದು ಬರೆದ ಚಾರ್ಟು ಒಂದು ವಾರದಿಂದ ನಡುಮನೆಯ ಗೋಡೆಯ ಮೇಲಿತ್ತು. ಮೇಲಿನ ಪದರದಲ್ಲಿ ಮನುಷ್ಯ, ಅದರ ಕೆಳಗೆ ಕೂದಲು ಮುಚ್ಚಿದ ಆನೆ, ಆಮೇಲೆ ಡೈನೋಸಾರ್, ಮರದೆತ್ತರದ ಜರೀಗಿಡ, ಮೀನು, ಚಿಪ್ಪಿನ ಜೀವಿಗಳು, ಎಲ್ಲಕ್ಕಿಂತ ಕೆಳಗೆ ಬರೀ ಕಲ್ಲು. ಮಡಿಸಿಟ್ಟ ಸೀರೆಗಳ ಹಾಗೆ ಒಂದರ ಕೆಳಗೊಂದು ಕಾಲಗಳು. ನಮ್ಮ ಹಿತ್ತಲಲ್ಲಿ ಡೈನೋಸಾರ್ ಎಷ್ಟನೇ ಅಡಿಗೆ ಬರುತ್ತದೆ ಎಂದು ಅವನು ಕೇಳಿದ್ದಕ್ಕೆ ಮಗಳು ನಕ್ಕಿದ್ದಳು.

“ನಮ್ಮೂರಲ್ಲಿ ಆ ಪದರ ಒಂದೂ ಇಲ್ಲ ಅಪ್ಪಾ. ಮಣ್ಣು ಮುಗೀತಿದ್ದಂಗೆ ನೇರ ಮುನ್ನೂರು ಕೋಟಿ ವರ್ಷದ ಕಲ್ಲು. ಅದು ಹುಟ್ಟಿದಾಗ ಮೀನೂ ಇರ್ಲಿಲ್ಲ, ಮರಾನೂ ಇರ್ಲಿಲ್ಲ.”

ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. ಇಷ್ಟು ದೊಡ್ಡ ಕತೆಯಲ್ಲಿ ನಮ್ಮೂರಿನ ಪಾಲಿಗೆ ಮೊದಲ ಪುಟ, ಕೊನೆಯ ಪುಟ ಎರಡೇ ಉಳಿದವೇ? ಮಧ್ಯದ ಒಂದು ಹಾಳೆಯಾದರೂ ಎಲ್ಲೋ ಸಿಕ್ಕಿಕೊಂಡಿರಬಹುದು ಎಂದು ಒಳಗೊಳಗೇ ಆಸೆಪಟ್ಟ.

ಗಾಡಿಯ ಮೇಸ್ತ್ರಿ ಬೀರೇಶ್ ಕೆಲಸ ಶುರುಮಾಡಿದ. ಮೂರು ಪೈಪಿನವರೆಗೆ ಕೆಂಪು ಮಣ್ಣು ಬಂತು, ಆಮೇಲೆ ಬೂದುಬಣ್ಣದ ಕಲ್ಲಿನ ಪುಡಿ. ಧೂಳೇಳದಿರಲೆಂದು ನೀರು ಬಿಡುತ್ತಿದ್ದುದರಿಂದ ಪುಡಿಯೆಲ್ಲ ಕೆಸರಾಗಿ, ಹೊಂಗೆಮರದ ಕೆಳಗಿದ್ದ ಚಲಪತಿಯ ಕುರ್ಚಿಯ ಪಕ್ಕದಲ್ಲೇ ಹರಿದು ಹೋಗುತ್ತಿತ್ತು. ಅವನು ಬೀಜ ಹಾಕಿದ, ಕವಡೆ ಬದಲಿಸಿದ. ಒಂದೊಂದು ಕವಡೆಗೂ ಕೆಲವು ಕೋಟಿ ವರ್ಷ ಕೆಳಗಿಳಿದ ಹಾಗೆನಿಸುತ್ತಿತ್ತು.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ಯಂತ್ರದ ಒಂದೇ ಸಮನಾದ ಸದ್ದು ಜೋಗುಳವಾಯಿತು. ಏಳನೇ ಕವಡೆಯನ್ನು ಎಡಜೇಬಿನಿಂದ ತೆಗೆದು ಅಂಗೈಯಲ್ಲಿ ಹಿಡಿದಿದ್ದಷ್ಟೇ ಅವನಿಗೆ ನೆನಪು. ನಲ್ಲೂರಿನ ಹುಣಸೆತೋಪಿನ ಮೇಲಿಂದ ಒಂದು ಉದ್ದನೆಯ ಕತ್ತು ಎದ್ದು, ಚಿಗುರು ಮೇಯುತ್ತ ಅವನನ್ನು ಶಾಂತವಾಗಿ ನೋಡಿತು. ಆಮೇಲೆ ಮರಗಳೂ ಕರಗಿದವು. ದೊಡ್ಡಬಳ್ಳಾಪುರದ ಮೇಲೆ ಹಸಿರು ಸಮುದ್ರ ನಿಂತಿತು. ಬಸ್ ಸ್ಟ್ಯಾಂಡಿನ ಕಂಬಗಳ ನಡುವೆ ಮೀನುಗಳು ಸಾಲಾಗಿ ಹೋಗುತ್ತಿದ್ದವು, ಮಗ್ಗದ ಶೆಡ್ಡುಗಳ ಮೇಲೆ ಚಿಪ್ಪುಗಳು ನಿಧಾನವಾಗಿ ಹರಿಯುತ್ತಿದ್ದವು. ಎಂಥ ನೆಮ್ಮದಿ! ಯಾರೂ ಬಿಂದಿಗೆ ಹಿಡಿದು ಕಾಯುತ್ತಿರಲಿಲ್ಲ. ಒಂದು ಮೀನನ್ನು ಮುಟ್ಟಲು ಅವನು ಕೈ ಚಾಚಿ ಬೆರಳು ಬಿಡಿಸಿದ.

“ಪೈಪು ಸಾರ್” ಎಂದು ಬೀರೇಶ್ ಕೂಗಿದಾಗ ಅವನು ಬೆಚ್ಚಿ ಎದ್ದು ಬೀಜ ಹಾಕಿದ. ಇನ್ನೂ ಮೂರು ಬೀಜ ಹಾಕುವಷ್ಟರಲ್ಲಿ ಎದುರುಮನೆಯ ಮುನಿವೆಂಕಟಪ್ಪ ಬಂದರು. ಅವರು ನಿವೃತ್ತ ಬಸ್ ಕಂಡಕ್ಟರ್. ಒಮ್ಮೆ ರಾಮೇಶ್ವರಕ್ಕೆ ಹೋಗಿಬಂದದ್ದರಿಂದ ಸಮುದ್ರದ ವಿಷಯದಲ್ಲಿ ಬೀದಿಗೆಲ್ಲ ಅವರದೇ ಕೊನೆಯ ಮಾತು. ಕೆಸರನ್ನು ಕೋಲಿನಿಂದ ಕೆದಕುತ್ತಿದ್ದವರು ಬಗ್ಗಿ, ಬೂದು ಮೆತ್ತಿದ ಒಂದು ಗಟ್ಟಿ ವಸ್ತುವನ್ನು ಎತ್ತಿದರು. ಉಜ್ಜಿದರು, ನಾಲಗೆ ತುದಿಗೆ ಮುಟ್ಟಿಸಿದರು.

“ಲೇ ಚಲಪತಿ, ಇದು ಸಮುದ್ರದ ಚಿಪ್ಪು ಕಣೋ. ಉಪ್ಪಾಗಿದೆ.”

ಚಲಪತಿಯ ಎದೆ ಹಿಗ್ಗಿತು. ಮಧ್ಯದ ಹಾಳೆ ಸಿಕ್ಕೇಬಿಟ್ಟಿತು! ಬಲಜೇಬು ತಡಕಿದ, ಆರು ಕವಡೆ. ಡಬ್ಬಿಯಲ್ಲಿ ನಾಲ್ಕು ಬೀಜ. ಆರುನೂರ ಎಂಬತ್ತು ಅಡಿಯಲ್ಲಿ ಸಮುದ್ರ ಎಂದು ಘೋಷಿಸಿದ. ಬೀರೇಶ್ ಮೂವತ್ತೊಂಬತ್ತು ಪೈಪು ಇಳಿದಿದೆ ಎಂದ. ಹೆಂಡತಿಯ ಎಚ್ಚರಿಕೆ ನೆನಪಾಗಿ ಚಲಪತಿ ಅವನನ್ನು ಗದರಿಸಿ ಮೂವತ್ನಾಲ್ಕು ಎಂದು ಸಾಧಿಸಿದ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ನೆರೆದವರಿಗೆಲ್ಲ ಬಸ್ ಸ್ಟ್ಯಾಂಡಿನ ಮೀನು, ಶೆಡ್ಡಿನ ಮೇಲಿನ ಚಿಪ್ಪು, ಹಸಿರು ಸಮುದ್ರ ಎಲ್ಲವನ್ನೂ ಕಣ್ಣಾರೆ ಕಂಡವನಂತೆ ವರ್ಣಿಸಿದ.

ವರ್ಣನೆ ಕೇಳಿ ಅಶ್ವತ್ಥಮ್ಮನವರ ಮುಖ ಬಿಳಿಚಿಕೊಂಡಿತು. “ಅಷ್ಟೊಂದು ಸಮುದ್ರ ಇದ್ರೆ ಅದರ ಉಪ್ಪೆಲ್ಲ ಎಲ್ಲಿ ಹೋಗುತ್ತಪ್ಪಾ? ನೀನು ತೂತು ಮಾಡಿದ್ರೆ ನನ್ನ ಬೋರಿಗೇ ತಾನೇ ಬರೋದು?”

ಇಡೀ ಬೀದಿ ಅವರ ಪರ ನಿಂತಿತು. ರಾಮೇಶ್ವರದ ನೀರನ್ನು ಬಾಯಿಗಿಡಲಾಗುವುದಿಲ್ಲ ಎಂದು ಮುನಿವೆಂಕಟಪ್ಪ ಸಾಕ್ಷಿ ಹೇಳಿದರು. ಚಲಪತಿ ಯೋಚಿಸಿದ. ಅವನ ಲೆಕ್ಕದಲ್ಲಿ ನೀರು ಇನ್ನೂ ನೂರು ಅಡಿಗಿಂತ ಕೆಳಗಿತ್ತು. ಅಷ್ಟೂ ದೂರ ಉಪ್ಪಿನೊಳಗೇ ಕೊರೆಯಬೇಕು, ಊರಿನ ಶಾಪ ಬೇರೆ. ಅದಕ್ಕಿಂತ ಹೆಚ್ಚಾಗಿ, ಅಂಥ ಸಮುದ್ರಕ್ಕೆ ತೂತು ಹೊಡೆಯಲು ಅವನಿಗೇ ಮನಸ್ಸು ಬರಲಿಲ್ಲ. ನಿಲ್ಲಿಸು ಎಂದ. ಬೀರೇಶ್ ಪೈಪುಗಳನ್ನೆಲ್ಲ ಮೇಲೆಳೆದು ಗಾಡಿಯನ್ನು ಹೊಸಕೋಟೆಯ ಕಡೆಗೆ ತಿರುಗಿಸಿದ.

ಸಂಜೆ ಭಾಗ್ಯಮ್ಮ ಬಂದಾಗ ಚಲಪತಿ ಕೋಟಿ ವರ್ಷದ ಚಿಪ್ಪನ್ನು ಸ್ಟೀಲ್ ತಟ್ಟೆಯಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿ ಮುಂದೆ ಹಿಡಿದ. ಅವಳು ಕೈಗೆತ್ತಿಕೊಂಡು ಸೆರಗಿನಿಂದ ಒರೆಸಿದಳು. ತುದಿ ಮುರಿದಿತ್ತು.

“ಇದು ನಮ್ಮಜ್ಜಿ ಸೋತು ಸಿಟ್ಟಲ್ಲಿ ಗೋಡೆಗೆ ಎಸೆದ ಕವಡೆ” ಅಂದಳು. “ಉಪ್ಪು ನಿಮ್ಮ ಅಂಗೈ ಬೆವರು.”

ಆಮೇಲೆ ಗಂಡನ ಬಲಜೇಬು ಬರಿದು ಮಾಡಿದಳು. ಆರು, ತಟ್ಟೆಯದು ಸೇರಿ ಏಳು. ನಾಲ್ಕು ಬೀಜ. ಏಳುನೂರ ಎಂಬತ್ತು ಅಡಿ. ನೀರಿಗೆ ಇನ್ನು ಹತ್ತೇ ಅಡಿ, ಅರ್ಧ ಪೈಪು.

ಚಲಪತಿ ಬೀರೇಶನಿಗೆ ಫೋನ್ ಮಾಡಿದ. ಒಂದು ಪೈಪು ಇಳಿಸಬೇಕಾದರೂ ಮೂವತ್ತೊಂಬತ್ತನ್ನೂ ಮತ್ತೆ ಇಳಿಸಬೇಕು, ಎರಡು ತಿಂಗಳು ಗಾಡಿ ಬಿಡುವಿಲ್ಲ ಎಂದು ಅವನು ಮರ್ಯಾದೆಯಿಂದಲೇ ಹೇಳಿದ.

ಭಾಗ್ಯಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. “ಮುನ್ನೂರು ಕೋಟಿ ವರ್ಷ ಹೋಗಿ ಬಂದ್ರಿ. ಇನ್ನು ಹತ್ತಡಿ ಹೋಗೋಕಾಗ್ಲಿಲ್ವಾ?” ಎಂದಷ್ಟೇ ಕೇಳಿ ಬಿಂದಿಗೆಗಳನ್ನು ಅವನ ಕೈಗೆ ಕೊಟ್ಟಳು.

ಅಶ್ವತ್ಥಮ್ಮ ನಲ್ಲಿ ತಿರುಗಿಸಿ, ಬೊಗಸೆ ನೀರು ಹಿಡಿದು, ಬಾಯಲ್ಲಿ ಅತ್ತಿತ್ತ ಆಡಿಸಿ ನುಂಗಿದರು. ಮುಖ ಕಿವುಚಿದರು.

“ಯಾಕೋ ಉಪ್ಪುಪ್ಪು ಅನ್ಸುತ್ತೆ. ಅಲ್ಲಿಂದ ಜಿನುಗೋಕೆ ಶುರುವಾಗಿದೆ.”

ಅದು ಸಮುದ್ರದ್ದಲ್ಲ, ಮನೆಯ ಚೌಕಾಬಾರದ ಕವಡೆ ಎಂದು ಚಲಪತಿ ಒಪ್ಪಿಕೊಂಡ. ಅಜ್ಜಿಯ ಕತೆಯನ್ನೂ ಹೇಳಿದ. ಅಶ್ವತ್ಥಮ್ಮ ಕನಿಕರದಿಂದ ತಲೆಯಾಡಿಸಿದರು.

“ಬಸ್ ಸ್ಟ್ಯಾಂಡಲ್ಲಿ ಮೀನು ಓಡಾಡಿದ್ದನ್ನ ಅಷ್ಟು ಚೆನ್ನಾಗಿ ಹೇಳ್ದೆ, ಈಗ ಸುಳ್ಳು ಹೇಳ್ತೀಯಲ್ಲಪ್ಪಾ. ಇವತ್ತು ಒಂದು ಬಿಂದಿಗೆ ತಗೊಂಡ್ಹೋಗು. ನಾಳೆಯಿಂದ ಬೇರೆ ಕಡೆ ನೋಡ್ಕೊ. ಸಿಹಿನೀರು ಇರೋವಷ್ಟು ದಿನ ನಮ್ಮನೆಗಾದ್ರೂ ಆಗ್ಲಿ.”

ಒಂದು ಬಿಂದಿಗೆ ತುಂಬಿ, ಒಂದು ಖಾಲಿ ಹಿಡಿದು ಚಲಪತಿ ಹಿತ್ತಲಿನ ದಾರಿಯಿಂದ ಬಂದ. ಹೊಸ ತೂತಿನ ಬಳಿ ಕೂತು ಒಂದು ಸಣ್ಣ ಕಲ್ಲು ಹಾಕಿ ಕಿವಿಗೊಟ್ಟ. ಬಹಳ ಹೊತ್ತಾದ ಮೇಲೆ ಕಲ್ಲು ಕಲ್ಲಿಗೆ ತಾಗಿದ ಸದ್ದು ಕೇಳಿಸಿತು.